ಬ್ಯಾಗಿನಲ್ಲೊಂದು ಪುಟ್ಟ ಚಾಕು ಇರಲಿ, ಆದರೆ ಯಾತಕ್ಕೆ?

ನಿಮ್ಮ ವ್ಯಾನಿಟಿ ಬ್ಯಾಗನ್ನು ಒಮ್ಮೆ ಮಂಚದ ಮೇಲೆ ಸುರಿದು ನೋಡಿ. ಪರ್ಸು, ಮೊಬೈಲು, ಮನೆಯ ಬೀಗದ ಕೈ, ಬಾಚಣಿಗೆ, ಕರ್ಚೀಫು, ಬಿಂದಿ ಪ್ಯಾಕೆಟ್ಟು, ತಲೆನೋವಿನ ಮಾತ್ರೆ, ನಾಲ್ಕು ಸೇಫ್ಟಿ ಪಿನ್ನು, ಮಗು ಅರ್ಧ ತಿಂದು ಬಿಟ್ಟ ಚಾಕೊಲೇಟು, ಹೋದ ತಿಂಗಳ ದಿನಸಿ ಬಿಲ್ಲು... ಇಷ್ಟೆಲ್ಲ ಇದ್ದೂ ಒಂದು ದಾರ ಕತ್ತರಿಸಬೇಕಾಗಿ ಬಂದರೆ ಏನು ಮಾಡುತ್ತೇವೆ ಹೇಳಿ? ಹಲ್ಲಿನಿಂದ ಕಚ್ಚುತ್ತೇವೆ! ಬಿಸ್ಕತ್ತಿನ ಪ್ಯಾಕೆಟ್ಟಿಗೂ ಹಲ್ಲು, ಬ್ಲೌಸಿನ ಅಂಚಿನಲ್ಲಿ ಜೋತುಬಿದ್ದ ದಾರಕ್ಕೂ ಹಲ್ಲು, ಮಗುವಿನ ಹೊಸ ಅಂಗಿಯ ಲೇಬಲ್ಲಿಗೂ ಹಲ್ಲು. ಮನೆಗೆ ಬಂದ ಪಾರ್ಸೆಲ್ಲಿನ ಟೇಪನ್ನು ಬೀಗದ ಕೈಯಿಂದ ಗೀರುತ್ತೇವೆ, ಅದೂ ಆಗದಿದ್ದರೆ ಉಗುರು ಮುರಿದುಕೊಳ್ಳುತ್ತೇವೆ.

ಅಡುಗೆಮನೆಯಲ್ಲಿ ನಮ್ಮನ್ನು ಮೀರಿಸುವವರು ಯಾರೂ ಇಲ್ಲ. ಈಳಿಗೆ ಮಣೆ ಹಾಕಿಕೊಂಡು ಕುಳಿತರೆ ಕಣ್ಣು ಟೀವಿಯ ಮೇಲಿದ್ದರೂ ಹುರುಳಿಕಾಯಿ ಒಂದೇ ಅಳತೆಗೆ ಬೀಳುತ್ತದೆ. ಅದೇ ನಾವು ಹೊಸಿಲು ದಾಟಿದ ತಕ್ಷಣ ಒಂದು ನಿಂಬೆಹಣ್ಣು ಹೆಚ್ಚಲಿಕ್ಕೂ ‘ಯಾರ ಹತ್ರನಾದ್ರೂ ಚಾಕು ಇದೆಯೇನ್ರೀ?’ ಅಂತ ಕೇಳಬೇಕು. ಹೀಗಾಗಿ ನನ್ನ ಸಲಹೆ ಇಷ್ಟೆ: ಮಡಿಸಿಡುವಂಥ ಒಂದು ಪುಟ್ಟ ಚಾಕು ಪ್ರತಿ ಗೃಹಿಣಿಯ ಬ್ಯಾಗಿನಲ್ಲೂ ಇರಬೇಕು. ಆದರೆ ಅದನ್ನು ಕೊಳ್ಳುವ ಮೊದಲು ಯಾತಕ್ಕೆ ಕೊಳ್ಳುತ್ತಿದ್ದೇನೆ ಅನ್ನುವುದು ಮನಸ್ಸಿಗೆ ಸ್ಪಷ್ಟವಾಗಿರಬೇಕು. ಅದು ಸ್ಪಷ್ಟವಾದರೆ ಯಾವ ಚಾಕು ಅನ್ನುವ ಪ್ರಶ್ನೆ ತಾನೇ ಬಗೆಹರಿಯುತ್ತದೆ.

ಹೆದರಿಕೆಗೆ ಕೊಳ್ಳಬೇಡಿ

‘ಚಾಕು ಅಂದ್ರೆ ಆತ್ಮರಕ್ಷಣೆಗೆ ತಾನೇ?’ ಎಂದು ಕೇಳುವವರೇ ಹೆಚ್ಚು. 2012ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಆ ಘೋರ ಘಟನೆಯ ನಂತರ ಈ ಮಾತು ಮನೆಮನೆಗೂ ಬಂತು. ಮರು ತಿಂಗಳೇ, ಅಂದರೆ 2013ರ ಜನವರಿಯಲ್ಲಿ, ಮುಂಬೈನಲ್ಲಿ ಶಿವಸೇನೆ ಮಹಿಳೆಯರಿಗೆ ಪುಟ್ಟ ಚಾಕುಗಳನ್ನು ಹಂಚಿತು. 2017ರ ಜನವರಿಯಲ್ಲಿ, ದೆಹಲಿ ಮೆಟ್ರೊದಲ್ಲಿ ಮಹಿಳೆಯರು ಸಣ್ಣ ಚಾಕು ಒಯ್ದರೆ ಅಡ್ಡಿಯಿಲ್ಲ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಕಾಲೇಜಿಗೆ ಹೋಗುವ ಮಗಳ ಬ್ಯಾಗಿಗೆ ಖಾರದಪುಡಿಯ ಪೊಟ್ಟಣದ ಜೊತೆ ಒಂದು ಚಾಕುವನ್ನೂ ಹಾಕಿ ಕಳಿಸಿದ ಅಮ್ಮಂದಿರಿದ್ದಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ. ನನಗೂ ಸಂಜೆ ಏಳಾದರೆ ಗಡಿಯಾರದ ಮೇಲೆ ಕಣ್ಣು ಹೋಗುತ್ತದೆ.

ಆದರೂ ಈ ಮಾತನ್ನು ನಾನು ಒಪ್ಪುವುದಿಲ್ಲ. ಸ್ವಲ್ಪ ಯೋಚಿಸಿ. ಮಡಿಸುವ ಚಾಕು ಬ್ಯಾಗಿನ ತಳದಲ್ಲಿ ಎಲ್ಲೋ ಇರುತ್ತದೆ. ಅದನ್ನು ಹುಡುಕಬೇಕು, ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯ ಉಗುರಿನಿಂದ ಅಲಗು ಬಿಚ್ಚಬೇಕು. ಗಾಬರಿಯಲ್ಲಿ ಕೈ ನಡುಗುವಾಗ ಇದೆಲ್ಲ ಆಗುವ ಮಾತೇ? ಸಣ್ಣ ಚಾಕುಗಳಲ್ಲಿ ಅನೇಕಕ್ಕೆ ಅಲಗು ಬಿಗಿಯುವ ಲಾಕ್ ಇರುವುದಿಲ್ಲ. ಜೋರಾಗಿ ಚುಚ್ಚಲು ಹೋದರೆ ಅಲಗು ಮಡಚಿಕೊಂಡು ನಮ್ಮ ಬೆರಳನ್ನೇ ಕತ್ತರಿಸುತ್ತದೆ. ಎದುರಿಗಿರುವವನು ಬಲಶಾಲಿಯಾದರೆ ಆ ಚಾಕು ಅವನ ಕೈ ಸೇರಲು ಎಷ್ಟು ಹೊತ್ತು? ಎಲ್ಲಕ್ಕಿಂತ ದೊಡ್ಡ ತೊಂದರೆ ಎಂದರೆ ‘ಚಾಕು ಇದೆಯಲ್ಲ’ ಅನ್ನುವ ಹುಸಿ ಧೈರ್ಯ. ಆ ಧೈರ್ಯದಲ್ಲಿ ಓಡಬೇಕಾದ ಹೊತ್ತಿನಲ್ಲಿ ಹುಡುಗಿ ನಿಂತುಬಿಡುತ್ತಾಳೆ. ಮಗಳಿಗೆ ಕಲಿಸಬೇಕಾದ್ದು ಕಿರುಚಿಕೊಂಡು ಜನರಿರುವ ಕಡೆಗೆ ಓಡುವುದನ್ನು, 112ಕ್ಕೆ ಫೋನ್ ಮಾಡುವುದನ್ನು. ಕೊರಳಿನಲ್ಲೊಂದು ಸೀಟಿ ಇದ್ದರೆ ಚಾಕುವಿಗಿಂತ ಮೇಲು. ಇನ್ನು ಬೀದಿಯಲ್ಲಿ ಹೆಣ್ಣುಮಕ್ಕಳು ನಿರ್ಭಯವಾಗಿ ಓಡಾಡುವಂತೆ ಮಾಡುವುದು ಸರ್ಕಾರದ, ಪೊಲೀಸರ, ಗಂಡುಮಕ್ಕಳನ್ನು ಬೆಳೆಸುವ ನಮ್ಮೆಲ್ಲರ ಕೆಲಸ. ಆ ಜವಾಬ್ದಾರಿಯನ್ನು ಮೂರಿಂಚಿನ ಅಲಗಿಗೆ ಕಟ್ಟಿ ಹುಡುಗಿಯ ಹೆಗಲಿಗೆ ತಗುಲಿಹಾಕುವುದು ನ್ಯಾಯವಲ್ಲ.

ಅದು ಅಮ್ಮನ ಹೆಸರಿನ ಚಾಕು!

ಹಾಗಾದರೆ ಚಾಕು ಯಾತಕ್ಕೆ? ಕೆಲಸಕ್ಕೆ! ಜಗತ್ತಿನ ಅತಿ ಪ್ರಸಿದ್ಧ ಜೇಬುಚಾಕುವಿನ ಕಥೆಯೇ ಇದನ್ನು ಹೇಳುತ್ತದೆ. ಸ್ವಿಟ್ಜರ್ಲೆಂಡಿನ ಇಬಾಕ್ ಎಂಬ ಊರಿನಲ್ಲಿ ಕಾರ್ಲ್ ಎಲ್ಸೆನರ್ ಎಂಬಾತ 1884ರಲ್ಲಿ ಚಾಕು ತಯಾರಿಸುವ ಕಾರ್ಯಾಗಾರ ತೆರೆದ. 1891ರಲ್ಲಿ ಸ್ವಿಸ್ ಸೈನಿಕರಿಗೆ ಚಾಕು ಒದಗಿಸತೊಡಗಿದ. ಸೈನಿಕರ ಚಾಕು ಅಂದ ತಕ್ಷಣ ಯುದ್ಧದ ಆಯುಧ ಅಂದುಕೊಳ್ಳಬೇಡಿ. ಅದರಲ್ಲಿದ್ದುದು ಒಂದು ಅಲಗು, ತೂತು ಕೊರೆಯುವ ಮೊನೆ, ಊಟದ ಡಬ್ಬಿ ತೆರೆಯುವ ಓಪನರ್ ಮತ್ತು ಬಂದೂಕು ಬಿಚ್ಚಿ ಜೋಡಿಸಲು ಒಂದು ಸ್ಕ್ರೂಡ್ರೈವರ್. ಹೊಡೆದಾಟಕ್ಕಲ್ಲ, ದಿನನಿತ್ಯದ ಚಿಲ್ಲರೆ ಕೆಲಸಗಳಿಗೆ! 1909ರಲ್ಲಿ ತಾಯಿ ವಿಕ್ಟೋರಿಯಾ ತೀರಿಕೊಂಡಾಗ ಎಲ್ಸೆನರ್ ಆಕೆಯ ಹೆಸರನ್ನೇ ತನ್ನ ಚಾಕುಗಳಿಗೆ ಇಟ್ಟ. 1921ರಲ್ಲಿ ತುಕ್ಕು ಹಿಡಿಯದ ಉಕ್ಕು ಬಂದ ಮೇಲೆ ಅದನ್ನು ಸೂಚಿಸುವ ‘ಇನಾಕ್ಸ್’ ಸೇರಿ ‘ವಿಕ್ಟೋರಿನಾಕ್ಸ್’ ಆಯಿತು. ಸೈನಿಕರ ಚಾಕು ಎಂದು ಗಂಡಸರು ಹೆಮ್ಮೆಯಿಂದ ಜೇಬಿನಲ್ಲಿ ಇಟ್ಟುಕೊಳ್ಳುವುದು ಒಬ್ಬ ಅಮ್ಮನ ಹೆಸರನ್ನು!

ಫ್ರಾನ್ಸಿನ ಒಪಿನೆಲ್ ಚಾಕು ಕೂಡ ಹೀಗೆಯೇ. 1890ರಲ್ಲಿ ಸವಾಯ್ ಎಂಬ ಬೆಟ್ಟದ ಸೀಮೆಯಲ್ಲಿ ಜೋಸೆಫ್ ಒಪಿನೆಲ್ ತಯಾರಿಸಿದ ಈ ಮರದ ಹಿಡಿಯ ಚಾಕು ರೈತರ ಜೇಬಿನಲ್ಲಿ ಬೆಳೆಯಿತು. ಬ್ರೆಡ್ಡು, ಗಿಣ್ಣು, ಹಣ್ಣು ಕತ್ತರಿಸುವುದೇ ಅದರ ಕಸುಬು.

ಆರಿಸುವಾಗ ನೋಡಬೇಕಾದ್ದು

ಅಂಗಡಿಗೆ ಹೋದರೆ ಹತ್ತಾರು ಬಗೆ ತೋರಿಸುತ್ತಾರೆ. ಇಪ್ಪತ್ತು ಸಲಕರಣೆ ಇರುವುದನ್ನು ಕಂಡರೆ ಆಸೆಯಾಗುವುದು ಸಹಜ. ತಡೆಯಿರಿ! ಮೊದಲು ಒಂದು ವಾರ ಗಮನಿಸಿ, ಹೊರಗಡೆ ನೀವು ಏನೇನು ಕತ್ತರಿಸಲು ಒದ್ದಾಡಿದಿರಿ ಅಂತ. ದಾರ, ಟೇಪು, ಪ್ಯಾಕೆಟ್ಟು, ಮಾತ್ರೆಯ ಪಟ್ಟಿ ಇವೇ ಹೆಚ್ಚಾಗಿದ್ದರೆ ಬೀಗದ ಕೈ ಗೊಂಚಲಿಗೆ ಸಿಕ್ಕಿಸುವ ಅತಿ ಚಿಕ್ಕದು ಸಾಕು. ವಿಕ್ಟೋರಿನಾಕ್ಸ್‌ನ ‘ಕ್ಲಾಸಿಕ್’ ಎಂಬುದು ಮಡಿಸಿದಾಗ 58 ಮಿಲಿಮೀಟರ್ ಉದ್ದ, ಅಂದರೆ ನಿಮ್ಮ ಕಿರುಬೆರಳಿನಷ್ಟು. ಅದರಲ್ಲಿ ಪುಟ್ಟ ಅಲಗು, ಕತ್ತರಿ, ಉಗುರು ಉಜ್ಜುವ ಅರ, ಚಿಮಟ, ಹಲ್ಲುಕಡ್ಡಿ ಎಲ್ಲ ಇವೆ. ನನ್ನನ್ನು ಕೇಳಿದರೆ ಹೆಂಗಸರ ಬ್ಯಾಗಿಗೆ ಅಲಗಿಗಿಂತ ಆ ಕತ್ತರಿಯೇ ಹೆಚ್ಚು ಉಪಯೋಗಿ. ಮಗುವಿನ ಬೆರಳಿಗೆ ಮುಳ್ಳು ಚುಚ್ಚಿದಾಗ ಚಿಮಟದ ಬೆಲೆ ತಿಳಿಯುತ್ತದೆ.

ರೈಲಿನಲ್ಲಿ ಸೌತೆಕಾಯಿ, ಪಿಕ್‌ನಿಕ್ಕಿನಲ್ಲಿ ಮಾವಿನಹಣ್ಣು, ಆಸ್ಪತ್ರೆಯಲ್ಲಿ ಮಲಗಿದ ನೆಂಟರಿಗೆ ಸೇಬು ಹೆಚ್ಚುವ ಕೆಲಸ ಇದ್ದರೆ ಆ ಪುಟಾಣಿ ಅಲಗು ಸಾಲದು. ಎರಡೂವರೆಯಿಂದ ಮೂರು ಇಂಚು ಅಲಗಿರುವುದನ್ನು ಆರಿಸಿ. ಅದಕ್ಕಿಂತ ಉದ್ದ ಬೇಡ. ಹಣ್ಣು ಹೆಚ್ಚುವ ಚಾಕುವಿನ ಅಲಗು ತೆಳ್ಳಗಿರಬೇಕು. ದಪ್ಪ ಅಲಗು ಸೇಬನ್ನು ಹೆಚ್ಚುವ ಬದಲು ಸೀಳಿಬಿಡುತ್ತದೆ.

ಉಕ್ಕಿನ ವಿಚಾರದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಬೇಡ. ಕಾರ್ಬನ್ ಉಕ್ಕು ಬೇಗ ಹರಿತವಾಗುತ್ತದೆ ನಿಜ, ಆದರೆ ನಿಂಬೆ, ಹುಣಸೆ, ಮಾವು ತಗುಲಿದರೆ ಕಪ್ಪಾಗುತ್ತದೆ. ಒದ್ದೆ ಬಿಟ್ಟರೆ ತುಕ್ಕು. ಅಜ್ಜಿಯ ಈಳಿಗೆ ಮಣೆಯನ್ನು ನೆನಪು ಮಾಡಿಕೊಳ್ಳಿ. ನಮ್ಮ ಅಡುಗೆಗೂ ಮಳೆಗಾಲಕ್ಕೂ ಸ್ಟೇನ್‌ಲೆಸ್ ಸ್ಟೀಲೇ ಸರಿ.

ಲಾಕ್ ಇರುವುದೋ ಇಲ್ಲದ್ದೋ? ಲಾಕ್ ಇಲ್ಲದ್ದು ಬರೀ ಸ್ಪ್ರಿಂಗಿನ ಬಿಗಿಯಲ್ಲಿ ನಿಲ್ಲುತ್ತದೆ. ಕೆಳಮುಖವಾಗಿ ಹೆಚ್ಚುವಾಗ ಏನೂ ತೊಂದರೆಯಿಲ್ಲ, ಆದರೆ ಮೊನೆಯಿಂದ ಒತ್ತಿ ಚುಚ್ಚಬಾರದು. ಲಾಕ್ ಇರುವುದು ಬೆರಳಿಗೆ ಹೆಚ್ಚು ಸುರಕ್ಷಿತ. ಒಪಿನೆಲ್‌ನಲ್ಲಿ 1955ರಿಂದ ಹಿಡಿಯ ತುದಿಗೊಂದು ತಿರುಗುವ ಬಳೆ ಇದೆ. ಅದನ್ನು ತಿರುಗಿಸಿದರೆ ಅಲಗು ಅಲ್ಲಾಡದು. ಬಳೆ ತಿರುಗಿಸಿ ಲಾಕ್ ಮಾಡುವ ಚಾಕು, ನಮಗೇ ಹೇಳಿ ಮಾಡಿಸಿದ ಹಾಗಿಲ್ಲವೇ?

ಕೊಳ್ಳುವ ಮೊದಲು ಅಂಗಡಿಯಲ್ಲೇ ನಾಲ್ಕು ಸಲ ಬಿಚ್ಚಿ ಮಡಚಿ ನೋಡಿ. ಉಗುರು ಮುರಿಯುವಷ್ಟು ಬಿಗಿ ಇದ್ದರೆ ಬೇಡ. ಬ್ಯಾಗಿನಲ್ಲಿ ತಾನೇ ತೆರೆದುಕೊಳ್ಳುವಷ್ಟು ಸಡಿಲವಾದದ್ದಂತೂ ಬೇಡವೇ ಬೇಡ. ಹಿಡಿ ಗಾಢ ಬಣ್ಣದ್ದಿರಲಿ. ಕೆಂಪು ಅಥವಾ ಹಳದಿಯಾದರೆ ಬ್ಯಾಗಿನ ಕತ್ತಲಲ್ಲೂ ಕಣ್ಣಿಗೆ ಬೀಳುತ್ತದೆ, ಹುಲ್ಲಿನ ಮೇಲೆ ಬಿದ್ದರೂ ಸಿಗುತ್ತದೆ.

ಕಾನೂನು ಏನನ್ನುತ್ತದೆ?

1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಬಂದ 2016ರ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿರುವ ಚಾಕು, ಚೂರಿಗಳನ್ನು ಆಯುಧಗಳ ಪಟ್ಟಿಗೆ ಸೇರಿಸುತ್ತವೆ. ಮನೆಗೆಲಸ, ಬೇಸಾಯ ಮುಂತಾದವುಗಳಿಗೆಂದೇ ಮಾಡಿದವುಗಳಿಗೆ ವಿನಾಯಿತಿ ಉಂಟು. ನಾನು ಹೇಳುತ್ತಿರುವ ಮೂರಿಂಚಿನ ಹಣ್ಣಿನ ಚಾಕು ಆ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಆದರೆ ಸಿನಿಮಾ ಖಳನಾಯಕರ ಹಾಗೆ ಬಟನ್ ಒತ್ತಿದರೆ ‘ಚಟ್’ ಅಂತ ಹೊರಬರುವ ಚಾಕುವಿನ ತಂಟೆಗೆ ಹೋಗಬೇಡಿ. ದೆಹಲಿಯಂಥ ಕಡೆ ಬಟನ್ ಚಾಕುಗಳಿಗೆ ಪ್ರತ್ಯೇಕ ನಿರ್ಬಂಧವೇ ಇದೆ. ಅಲ್ಲದೆ ಸೇಬು ಹೆಚ್ಚಲು ಅಷ್ಟು ಆತುರ ಯಾಕೆ ಹೇಳಿ!

ಕಾನೂನಿನಲ್ಲಿ ತೊಂದರೆಯಿಲ್ಲ ಅಂದ ಮಾತ್ರಕ್ಕೆ ಎಲ್ಲ ಕಡೆ ಒಯ್ಯಬಹುದು ಅಂತಲ್ಲ. ವಿಮಾನದಲ್ಲಿ ಕೈಚೀಲದೊಳಗೆ ಚಾಕು ಬಿಡುವುದಿಲ್ಲ. ಚೆಕ್-ಇನ್ ಸೂಟ್‌ಕೇಸಿಗೇ ಹಾಕಬೇಕು. ಮೆಟ್ರೊ, ಮಾಲು, ನ್ಯಾಯಾಲಯ, ಸಿನಿಮಾ ಮಂದಿರ ಇಂಥ ಕಡೆ ಬ್ಯಾಗು ತಪಾಸಣೆ ಮಾಡುತ್ತಾರೆ. ಅಂಥ ದಿನ ಚಾಕುವನ್ನು ಮನೆಯಲ್ಲೇ ಬಿಟ್ಟುಹೋಗಿ. ಬಾಗಿಲಲ್ಲಿ ಕಾವಲಿನವರ ಜೊತೆ ವಾದ ಮಾಡುವ ಫಜೀತಿ ಯಾಕೆ? ಮಕ್ಕಳ ಸ್ಕೂಲ್ ಬ್ಯಾಗಿಗಂತೂ ಯಾವ ಕಾರಣಕ್ಕೂ ಹಾಕಬೇಡಿ.

ಅತ್ತೆಯವರ ಮಾತಿನಲ್ಲೂ ಅರ್ಥವಿದೆ

ಇನ್ನು ಮನೆಯವರ ಆಕ್ಷೇಪ. ‘ಹೆಣ್ಣುಮಕ್ಕಳ ಬ್ಯಾಗಲ್ಲಿ ಚಾಕು ಯಾಕಮ್ಮಾ, ಅಪಶಕುನ’ ಎಂದು ನಮ್ಮ ಅತ್ತೆಯವರೂ ಒಮ್ಮೆ ಅಂದಿದ್ದರು. ‘ಬಾಣಂತಿಯ ದಿಂಬಿನ ಕೆಳಗೆ ಕಬ್ಬಿಣ ಇಡುವವರು ನೀವೇ ಅಲ್ವಾ ಅತ್ತೆ?’ ಅಂದೆ. ನಕ್ಕು ಸುಮ್ಮನಾದರು. ಆದರೆ ಅವರು ಹೇಳಿದ ಇನ್ನೊಂದು ಮಾತನ್ನು ಮಾತ್ರ ನಾನು ತಪ್ಪದೆ ಪಾಲಿಸುತ್ತೇನೆ. ಚಾಕುವನ್ನು ಕೈಯಿಂದ ಕೈಗೆ ಕೊಡಬಾರದು, ಜಗಳವಾಗುತ್ತದೆ ಅಂತಾರಲ್ಲ, ಅದು. ಜಗಳ ಆಗುತ್ತೋ ಇಲ್ಲವೋ, ಕೈಯಂತೂ ಕುಯ್ಯುವುದಿಲ್ಲ! ಮಡಿಸಿ ಕೆಳಗಿಡಿ, ಬೇಕಾದವರು ಎತ್ತಿಕೊಳ್ಳಲಿ.

ಮಕ್ಕಳಿರುವ ಮನೆಯಾದರೆ ಚಾಕು ಇರುವ ಬ್ಯಾಗು ಅವರ ಕೈಗೆಟುಕದ ಗೂಟದಲ್ಲಿರಲಿ. ಬ್ಯಾಗಿನೊಳಗೂ ಜಿಪ್ ಇರುವ ಖಾನೆಯಲ್ಲೇ ಇಡಿ. ಪಾರ್ಸೆಲ್ಲಿನ ಟೇಪು ಕತ್ತರಿಸಿದ ಅಲಗಿನಿಂದಲೇ ಹಣ್ಣು ಹೆಚ್ಚಬೇಡಿ, ತೊಳೆದು ಒರೆಸಿ. ಒದ್ದೆಯಿದ್ದಾಗ ಮಡಚಬೇಡಿ. ಎರಡು ತಿಂಗಳಿಗೊಮ್ಮೆ ಹಿಂಜಿಗೆ ಒಂದೇ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಒರೆಸಿ, ಅಲಗನ್ನು ಸೋಪು ಹಾಕಿ ತೊಳೆದುಬಿಡಿ. ಸಾಣೆ ಹಿಡಿಯುವವನ ಚಕ್ರಕ್ಕೆ ಈ ಸಣ್ಣ ಅಲಗನ್ನು ಕೊಟ್ಟರೆ ಸವೆದೇ ಹೋದೀತು. ಪಿಂಗಾಣಿ ಕಪ್ಪನ್ನು ಬೋರಲು ಹಾಕಿದರೆ ತಳದಲ್ಲಿ ಹೊಳಪಿಲ್ಲದ ಒರಟು ಅಂಚು ಕಾಣುತ್ತದೆ ನೋಡಿ, ಅದರ ಮೇಲೆ ಓರೆಯಾಗಿ ನಾಲ್ಕಾರು ಸಲ ಹಗುರವಾಗಿ ಎಳೆದರೆ ಸಾಕು. ಮೊಂಡು ಚಾಕುವೇ ಹೆಚ್ಚು ಅಪಾಯ. ಹರಿತ ಇಲ್ಲದಿದ್ದರೆ ಬಲ ಹಾಕುತ್ತೇವೆ, ಬಲ ಹಾಕಿದಾಗಲೇ ಜಾರುವುದು.

ಮನೆಗೆ ಬೇಕಾದ ಪಾತ್ರೆ, ಮಿಕ್ಸಿ, ಕುಕ್ಕರ್ ಎಲ್ಲವನ್ನೂ ನಾವೇ ಆರಿಸಿ ತರುತ್ತೇವೆ, ಅವೆಲ್ಲ ಮನೆಮಂದಿಗಾಗಿ. ನಿಮ್ಮದೇ ಕೈಗೆ, ನಿಮ್ಮದೇ ಕೆಲಸಕ್ಕೆ ಅಂತ ಒಂದು ಸಲಕರಣೆ ಕೊಂಡು ಎಷ್ಟು ವರ್ಷವಾಯಿತು? ಈ ಸಲ ಪೇಟೆಗೆ ಹೋದಾಗ ಒಂದು ಒಳ್ಳೆಯ ಪುಟ್ಟ ಚಾಕು ಕೊಂಡುಬನ್ನಿ. ಯಾರೋ ಮೈಮೇಲೆ ಬಿದ್ದಾರು ಅನ್ನುವ ಭಯಕ್ಕಲ್ಲ, ಸಣ್ಣಪುಟ್ಟದಕ್ಕೆಲ್ಲ ಇನ್ನೊಬ್ಬರ ಮುಖ ನೋಡುವುದು ತಪ್ಪಲಿ ಅಂತ. ಮುಂದಿನ ಸಲ ರೈಲಿನಲ್ಲಿ ಪಕ್ಕದ ಸೀಟಿನವರು ‘ಚಾಕು ಇದೆಯೇನ್ರೀ?’ ಅಂದಾಗ, ‘ಇದೆ ರೀ, ತಗೊಳ್ಳಿ’ ಅನ್ನುವವರು ನೀವಾಗಿರಿ. ಮಡಿಸಿ, ಸೀಟಿನ ಮೇಲಿಟ್ಟು ಕೊಡುವುದನ್ನು ಮಾತ್ರ ಮರೆಯಬೇಡಿ!