ಮೈಕು ಅವರದು, ಮತ ಮಾತ್ರ ನಮ್ಮದೆ?

ಕನ್ನಡದ ಯುವ ಮಿತ್ರರೆ,

ನಾನು ಪ್ರೆಸ್ಸಿನವನು. ಪತ್ರಕರ್ತ ಅಂದುಕೊಳ್ಳಬೇಡಿ; ಅಚ್ಚು ಹಾಕುವ ಪ್ರೆಸ್ಸು. ಕಲಬುರಗಿಯ ಕುಸನೂರಿನಲ್ಲಿ ಒಂದು ಆಫ್‌ಸೆಟ್ ಮಷಿನ್ನು, ಒಂದು ಕಟಿಂಗ್ ಮಷಿನ್ನು, ಮೂಲೆಯಲ್ಲಿ ನಮ್ಮಪ್ಪನ ಕಾಲದ ಟ್ರೆಡಲ್ಲು. ಓದಿದ್ದು ಪಿಯುಸಿ. ಮದುವೆ ಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಕರಪತ್ರ, ಚುನಾವಣೆ ಬಂದಾಗ ಅಭ್ಯರ್ಥಿಗಳ ಹ್ಯಾಂಡ್‌ಬಿಲ್ಲು. ಇದು ನನ್ನ ಹೊಟ್ಟೆಪಾಡು. ಹೀಗಾಗಿ ರಾಜಕಾರಣಿಗಳ ಭರವಸೆಗಳನ್ನು ನಿಮಗಿಂತ ಒಂದು ದಿನ ಮೊದಲೇ ಓದುವ ಭಾಗ್ಯ ನನ್ನದು!

ಆ ಭರವಸೆಗಳ ಗುಟ್ಟು ಕೇಳಿ. ಅಭ್ಯರ್ಥಿಯ ಕಡೆಯ ಹುಡುಗ ಬರುತ್ತಾನೆ. "ಕಾಕಾ, ಹೋದ ಸಲದ್ದು ಕಂಪ್ಯೂಟರ್‌ದಾಗ ಅದ ಇಲ್ರಿ? ಅದನ್ನೇ ಹಾಕ್ರಿ. ಫೋಟೋ ಒಂದು ಬದಲ್ ಮಾಡ್ರಿ" ಅನ್ನುತ್ತಾನೆ. ಪಕ್ಷ ಬದಲಾಗಿದ್ದರೆ ಚಿಹ್ನೆಯನ್ನೂ ಬದಲಿಸುತ್ತೇನೆ. ಕುಡಿಯುವ ನೀರು, ಒಳಚರಂಡಿ, ಯುವಕರಿಗೆ ಉದ್ಯೋಗ... ಆ ಸಾಲುಗಳಿಗೆ ಕೈ ಹಚ್ಚುವುದಿಲ್ಲ. ಅವು ಯಾವ ಪಕ್ಷಕ್ಕೂ ಒಗ್ಗುತ್ತವೆ.

ಈ ಕರಪತ್ರಗಳಿಗೂ ಒಂದು ಕಾಯ್ದೆ ಇದೆ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 127ಎ ಕಲಮು. ಚುನಾವಣಾ ಕರಪತ್ರದ ಮೇಲೆ ಮುದ್ರಕನ ಹೆಸರು ವಿಳಾಸ, ಪ್ರಕಾಶಕನ ಹೆಸರು ವಿಳಾಸ ಇರಲೇಬೇಕು. ಪ್ರಕಾಶಕ ತಾನು ಇಂಥವನೇ ಎಂದು ಸಹಿ ಮಾಡಿ, ತನ್ನನ್ನು ಬಲ್ಲ ಇಬ್ಬರಿಂದ ದೃಢೀಕರಿಸಿ, ಎರಡು ಪ್ರತಿ ಘೋಷಣಾಪತ್ರ ನನ್ನ ಕೈಗೆ ಕೊಡಬೇಕು. ಅಚ್ಚಾದ ಮೇಲೆ ಅದರ ಒಂದು ಪ್ರತಿ, ಕರಪತ್ರದ ಒಂದು ಪ್ರತಿ ನಾನು ಜಿಲ್ಲಾ ದಂಡಾಧಿಕಾರಿಗೆ ಕಳಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೆ 2000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಗಮನಿಸಿದಿರಾ? ಭರವಸೆಯನ್ನು ಅಚ್ಚು ಹಾಕಿದವನ ವಿಳಾಸ ಸರಕಾರಕ್ಕೆ ಬೇಕು. ಭರವಸೆ ಕೊಟ್ಟವನು ಐದು ವರ್ಷ ಎಲ್ಲಿದ್ದ ಎಂದು ಕೇಳುವ ಕಲಮು ಯಾವ ಕಾಯ್ದೆಯಲ್ಲೂ ಇಲ್ಲ!

ಅದನ್ನು ಕೇಳುವ ಜಾಗ ಒಂದೇ. ಎಲ್ಲ ಅಭ್ಯರ್ಥಿಗಳನ್ನು ಒಂದೇ ವೇದಿಕೆಯಲ್ಲಿ ಕೂಡಿಸಿ, ಎದುರಿಗೆ ಮತದಾರ ಕೂತು ನಡೆಸುವ ಚರ್ಚೆ. ಅಂಥದ್ದೊಂದು ಚರ್ಚೆ ನಮ್ಮ ಊರಲ್ಲಿ ನಡೆಯುತ್ತದೆ ಎಂದು ತಿಳಿದಾಗ ನನಗೆ ಹಬ್ಬವಾದಂತಾಯಿತು. ಯಾವ ಚುನಾವಣೆ, ಯಾವ ಕ್ಷೇತ್ರ, ನಡೆಸಿದವರು ಯಾರು ಎಂದು ಬರೆಯುವುದಿಲ್ಲ. ಹೆಸರು ಬರೆದರೆ ಜಗಳ ಅವರ ಮೇಲೆ ಹೋಗುತ್ತದೆ. ನನ್ನ ಜಗಳ ಪದ್ಧತಿಯ ಮೇಲೆ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಆ ಚರ್ಚೆಯ ಆಹ್ವಾನ ಪತ್ರಿಕೆ ಅಚ್ಚಾದದ್ದು ನನ್ನ ಮಷಿನ್ನಿನಲ್ಲೇ. ಐನೂರು ಕಾರ್ಡು, ಆರ್ಟ್ ಪೇಪರು, ಪೂರ್ತಿ ಇಂಗ್ಲಿಷು! ಕನ್ನಡದ ಒಂದು ಅಕ್ಷರವಿಲ್ಲ. "ಒಂದು ಬದಿ ಕನ್ನಡ ಹಾಕೋಣ್ರಿ, ಜಾಸ್ತಿ ರೊಕ್ಕ ಬ್ಯಾಡ" ಅಂದೆ. "ಬ್ಯಾಡ್ರಿ, ಬರೋರೆಲ್ಲ ಓದಿದವ್ರು" ಅಂದರು. ಓದಿದವರು! ಅಂದರೆ ಕನ್ನಡ ಓದುವವರು ಓದಿದವರಲ್ಲ. ಅಷ್ಟು ಕೇಳಿಯೂ ನಾನು ಪ್ಲೇಟು ಏರಿಸಿದೆ, ರೊಕ್ಕ ಎಣಿಸಿಕೊಂಡೆ. ಅಭಿಮಾನ ಒಂದು ಕಡೆ, ಕಾಗದದಂಗಡಿಯ ಉದ್ರಿ ಇನ್ನೊಂದು ಕಡೆ. ಬೈಯುವುದಿದ್ದರೆ ಬೈಯಿರಿ.

ಆ ದಿನ ನಾನು, ನನ್ನ ಪ್ರೆಸ್ಸಿನಲ್ಲಿ ಡಿಟಿಪಿ ಮಾಡುವ ಹುಡುಗ, ಪಕ್ಕದ ಗ್ಯಾರೇಜಿನ ಗೆಳೆಯ, ಮೂವರೂ ಹೋದೆವು. ಮುಂದಿನ ಎರಡು ಸಾಲು ಸೋಫಾ: ಡಾಕ್ಟರು, ಇಂಜಿನಿಯರು, ಲೇಔಟು ಮಾಡುವ ಧಣಿಗಳು. ನಾವು ಹಿಂದಿನ ಪ್ಲಾಸ್ಟಿಕ್ ಕುರ್ಚಿ. ವೇದಿಕೆಯ ಮೇಲೆ ಆರು ಕುರ್ಚಿ, ಇಂಗ್ಲಿಷಿನಲ್ಲಿ ಆರು ಹೆಸರು. ಬಂದವರು ಮೂವರು. ಬಾರದ ಮೂವರ ಕುರ್ಚಿಗಳನ್ನು ಚರ್ಚೆ ಶುರುವಾಗುವ ಮೊದಲೇ ಎತ್ತಿ ಒಳಗಿಟ್ಟರು! ಯಾಕಯ್ಯಾ? ಆ ಖಾಲಿ ಕುರ್ಚಿಯೇ ಅಲ್ಲವೆ ಆ ಅಭ್ಯರ್ಥಿ ಮತದಾರನಿಗೆ ಕೊಟ್ಟ ಉತ್ತರ? ಅದನ್ನು ಹೆಸರಿನ ಸಮೇತ ಕೊನೆಯವರೆಗೆ ಅಲ್ಲೇ ಇಡಬೇಕಿತ್ತು.

ನಿರೂಪಕರು ಬೆಂಗಳೂರಿನಿಂದ ಬಂದವರು. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡಿ, ಇಂಗ್ಲಿಷ್ ಇಲ್ಲವೆ ಹಿಂದಿಯಲ್ಲಿ ಬರೆದರೆ ಅನುಕೂಲ ಅಂದರು. ಕಲಬುರಗಿಯಲ್ಲಿ ಕೂತು ಕಲಬುರಗಿಯವರಿಗೆ ಈ ಮಾತು! ಮಳಖೇಡ ಇಲ್ಲೇ, ನಮ್ಮ ಜಿಲ್ಲೆಯಲ್ಲೇ ಇದೆ. ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ ಹುಟ್ಟಿದ ರಾಜಧಾನಿ ಅದು. ಬಸವಕಲ್ಯಾಣ ಪಕ್ಕದ ಬೀದರ ಜಿಲ್ಲೆಯಲ್ಲಿದೆ. 12ನೇ ಶತಮಾನದಲ್ಲಿ ಅಲ್ಲಿ ಅಂಬಿಗ, ಮಡಿವಾಳ, ಸಮಗಾರ ಎಲ್ಲರೂ ಕನ್ನಡದಲ್ಲೇ ವಾದ ಹೂಡಿದರು. ಈ ಹಿರಿಮೆಯನ್ನು ನವೆಂಬರ್ 1ಕ್ಕೆ ಮೈಕು ಹಿಡಿದು ಹೇಳುವುದು ಸಲೀಸು. ಏಪ್ರಿಲ್ ತಿಂಗಳ ಚುನಾವಣಾ ಸಭೆಯಲ್ಲಿ ಅದೇ ಮೈಕು ಕನ್ನಡಕ್ಕೆ ಸಿಗುವುದಿಲ್ಲ.

ಬಂದ ಮೂವರಲ್ಲಿ ಒಬ್ಬರು ಕಮಲಾಪುರದ ಕಡೆಯ ಪಕ್ಷೇತರ, ರೈತನ ಮಗ. ತೊಗರಿಯ ದರ, ಕೆಂಪು ಬಾಳೆಯ ಮಾರುಕಟ್ಟೆ, ಬೆಳೆ ವಿಮೆ ಎಂದು ಮಾತಿಗಿಳಿದರೆ ತಹಸೀಲ ಕಚೇರಿಯಲ್ಲಿ ಅಧಿಕಾರಿಗಳಿಗೆ ಬೆವರಿಳಿಸುವ ಮನುಷ್ಯ; ನಾನೇ ಕಣ್ಣಾರೆ ಕಂಡಿದ್ದೇನೆ. ಅವತ್ತು ಇಂಗ್ಲಿಷಿನಲ್ಲಿ ಶುರುಮಾಡಿ, "ಆಕ್ಚುವಲಿ" ಎಂದು ಮೂರು ಸಲ ಅಂದು, ಮುಂದೆ ಮಾತು ಹೊರಡದೆ ಕೂತುಬಿಟ್ಟರು. ಮುಂದಿನ ಸೋಫಾದಲ್ಲಿ ಒಬ್ಬರು ನಕ್ಕರು. ಉಳಿದ ಇಬ್ಬರ ಇಂಗ್ಲಿಷು ಚೆನ್ನಾಗಿತ್ತು. ಒಬ್ಬ ಅಭ್ಯರ್ಥಿ ಅಲ್ಲಿ ವಿಚಾರದಲ್ಲಿ ಸೋಲಲಿಲ್ಲ ಮಿತ್ರರೆ, ಭಾಷೆಯಲ್ಲಿ ಸೋತರು. ಆ ಕ್ಷೇತ್ರದ ಮತಗಟ್ಟೆಗಳಲ್ಲಿ ಇಂಗ್ಲಿಷ್ ಬಲ್ಲವರು ಎಷ್ಟು ಜನ, ಬಾರದವರು ಎಷ್ಟು ಜನ, ನೀವೇ ಅಂದಾಜು ಮಾಡಿ.

ಇದನ್ನೆಲ್ಲ ನೋಡುತ್ತ ನನ್ನ ಪ್ರೆಸ್ಸಿನ ಹುಡುಗ ಪಕ್ಕದಲ್ಲಿ ಕೂತಿದ್ದ. ಬಿ.ಎ. ಮಾಡಿದ್ದಾನೆ. ಹಗಲು ನನ್ನಲ್ಲಿ ಕೆಲಸ, ರಾತ್ರಿ ಸ್ಪರ್ಧಾತ್ಮಕ ಪರೀಕ್ಷೆಗಳ ಓದು. ಹಾಳಾದ ಹ್ಯಾಂಡ್‌ಬಿಲ್ಲಿನ ಹಿಂಬದಿಯಲ್ಲಿ ಒಂದು ಪ್ರಶ್ನೆ ಬರೆದುಕೊಂಡು ಬಂದಿದ್ದ: "371(ಜೆ) ಬಂದು ಇಷ್ಟು ವರ್ಷವಾಯಿತು. ನಮ್ಮ ಭಾಗದ ಖಾಲಿ ಹುದ್ದೆ ತುಂಬುವುದಕ್ಕೆ ನಿಮ್ಮ ಪಕ್ಷದವರು ಸದನದಲ್ಲಿ ಎಷ್ಟು ಸಲ ಎದ್ದು ನಿಂತರು? ತಾರೀಖು ಹೇಳಿ." ಎಂಥ ಪ್ರಶ್ನೆ! 2012ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ 98ನೇ ತಿದ್ದುಪಡಿ ಅದು. ಆ ಮೂರಕ್ಷರದ ಮೇಲೆ ಈ ಭಾಗದ ಎಷ್ಟು ಮನೆಗಳ ಆಸೆ ನಿಂತಿದೆ. ಪಕ್ಷೇತರರು ಕೂತದ್ದನ್ನು ನೋಡಿದ ಹುಡುಗ ಆ ಚೀಟಿಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿದ. "ಕೇಳೋ" ಅಂದೆ. "ಬ್ಯಾಡ್ರಿ ಕಾಕಾ, ನಗ್ತಾರ" ಅಂದ.

ನಾನು ಚೀಟಿ ಕಸಿದುಕೊಂಡು ಎದ್ದು ನಿಂತೆ. ಕನ್ನಡದಲ್ಲೇ, ಗಟ್ಟಿಯಾಗಿ ಓದಿದೆ. ನಿರೂಪಕರು ನಕ್ಕು, ವೇದಿಕೆಯ ಕಡೆ ತಿರುಗಿ, ಇವರು ಉದ್ಯೋಗದ ಬಗ್ಗೆ ಕೇಳುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಒಂದೇ ಸಾಲು ಹೇಳಿದರು. 371(ಜೆ) ಹೋಯಿತು. ಖಾಲಿ ಹುದ್ದೆ ಹೋಯಿತು. ಎಷ್ಟು ಸಲ ಎಂಬುದು ಹೋಯಿತು. ತಾರೀಖಂತೂ ಹೋಗೇ ಹೋಯಿತು! ಯುವಕರೇ ನಾಡಿನ ಶಕ್ತಿ ಎಂದು ಉತ್ತರ ಬಂತು, ಚಪ್ಪಾಳೆ ಬಿತ್ತು. ಹಲ್ಲಿದ್ದ ಪ್ರಶ್ನೆ ಮೈಕು ದಾಟುವಷ್ಟರಲ್ಲಿ ಬೊಚ್ಚುಬಾಯಿಯಾಗಿತ್ತು.

ಚರ್ಚೆ ಕನ್ನಡದಲ್ಲಿ ನಡೆಯಬೇಕು ಎಂದರೆ ಕೆಲವರು ಇದು ಭಾವನೆಯ ಮಾತು ಅನ್ನುತ್ತಾರೆ. ಅಲ್ಲ ಸ್ವಾಮಿ, ಲೆಕ್ಕದ ಮಾತು. ತನ್ನ ಭಾಷೆಯಲ್ಲಿ ಕೇಳಿದವನ ಎದುರು ಅಭ್ಯರ್ಥಿ ತಪ್ಪಿಸಿಕೊಳ್ಳಲಾರ. ನನ್ನ ಗ್ಯಾರೇಜಿನ ಗೆಳೆಯ ಮುಸ್ಲಿಂ. ಮನೆಯಲ್ಲಿ ದಖನಿ ಮಾತಾಡುತ್ತಾನೆ, ಅಂಗಡಿಯಲ್ಲಿ ಕನ್ನಡ. ಆ ಸಭೆಯಲ್ಲಿ ಅವನೂ ನನ್ನಷ್ಟೇ ಮೂಕ. ಆದ್ದರಿಂದ ಈ ಜಗಳ ಉರ್ದುವಿನ ಜೊತೆಯಲ್ಲ, ತೆಲುಗಿನ ಜೊತೆಯಲ್ಲ. ಬೀದಿಗೆ ಒಂದು ಭಾಷೆ, ಸಭೆಗೆ ಇನ್ನೊಂದು ಭಾಷೆ ಇಟ್ಟುಕೊಂಡವರ ಜೊತೆ.

ಹೊರದೇಶದ ಉದಾಹರಣೆ ಕೊಟ್ಟರೆ ಮಾತ್ರ ನಂಬುವವರಿಗೆ ಒಂದು ಹೇಳುತ್ತೇನೆ. 1992ರ ಅಕ್ಟೋಬರ್ 15ರಂದು ಅಮೆರಿಕದ ರಿಚ್ಮಂಡಿನಲ್ಲಿ ಬುಷ್, ಕ್ಲಿಂಟನ್, ಪೆರೋ ಮೂವರೂ ಚರ್ಚೆಗೆ ಬಂದರು. ಪ್ರಶ್ನೆ ಕೇಳಿದವರು ಪತ್ರಕರ್ತರಲ್ಲ, ಸಭಿಕರು. ಒಬ್ಬ ಹೆಣ್ಣುಮಗಳು ಎದ್ದು, ದೇಶದ ಸಾಲ ನಿಮ್ಮ ಸ್ವಂತ ಬದುಕಿಗೆ ಹ್ಯಾಗೆ ತಟ್ಟಿದೆ ಎಂದು ಕೇಳಿದಳು. ಅಧ್ಯಕ್ಷ ಬುಷ್ ತಡವರಿಸಿದರು. ಕೈಗಡಿಯಾರ ನೋಡಿಕೊಂಡದ್ದೂ ಕ್ಯಾಮೆರಾಕ್ಕೆ ಸಿಕ್ಕಿಬಿತ್ತು. ಆ ನವೆಂಬರಿನಲ್ಲಿ ಅವರು ಸೋತರು. ಸೋಲಿಗೆ ಕಾರಣ ಹತ್ತು ಇದ್ದಾವು. ಆದರೆ ಅಧ್ಯಕ್ಷನನ್ನು ತಡವರಿಸುವಂತೆ ಮಾಡಿದ್ದು ಒಬ್ಬ ಸಾಮಾನ್ಯ ಹೆಂಗಸಿನ ಪ್ರಶ್ನೆ. ಅವಳ ಮಾತನ್ನು ಯಾರೂ ಮಧ್ಯೆ ನಿಂತು ಬೇರೆ ಭಾಷೆಗೆ ತಿರುವಿ ಸಪ್ಪೆ ಮಾಡಲಿಲ್ಲ.

ನಮ್ಮ ದೇಶದಲ್ಲಿ? 1998ರಿಂದ ಆಕಾಶವಾಣಿ, ದೂರದರ್ಶನಗಳಲ್ಲಿ ಪಕ್ಷಗಳಿಗೆ ಪುಕ್ಕಟೆ ವೇಳೆ ಕೊಡುತ್ತಾರೆ. ಅದರ ಜೊತೆ ಒಂದೆರಡು ಚರ್ಚೆಗೂ ಅವಕಾಶವಿದೆ. ಆದರೆ ಅಲ್ಲಿಗೆ ಬರುವುದು ಪಕ್ಷ ಆರಿಸಿ ಕಳಿಸಿದ ಪ್ರತಿನಿಧಿ, ನಿಮ್ಮ ಕ್ಷೇತ್ರದ ಅಭ್ಯರ್ಥಿಯೇ ಬರಬೇಕೆಂದಿಲ್ಲ. 2024ರ ಮೇ ತಿಂಗಳಲ್ಲಿ ನಿವೃತ್ತ ನ್ಯಾಯಮೂರ್ತಿಗಳಾದ ಮದನ್ ಲೋಕೂರ್, ಎ.ಪಿ. ಶಾ ಮತ್ತು ಪತ್ರಕರ್ತ ಎನ್. ರಾಮ್ ಅವರು ನರೇಂದ್ರ ಮೋದಿ, ರಾಹುಲ್ ಗಾಂಧಿ ಇಬ್ಬರಿಗೂ ಬಹಿರಂಗ ಚರ್ಚೆಗೆ ಬನ್ನಿ ಎಂದು ಪತ್ರ ಬರೆದರು. ರಾಹುಲ್ ಒಪ್ಪಿದರು. ಚರ್ಚೆ ನಡೆಯಲಿಲ್ಲ. ದಿಲ್ಲಿಯಲ್ಲೇ ಹೀಗಾದರೆ ಕುಸನೂರಿಗೆ ಯಾರು ಬರುತ್ತಾರೆ ಎಂದು ಕೈ ಚೆಲ್ಲಬೇಡಿ. ದಿಲ್ಲಿಯ ದೊಡ್ಡವರನ್ನು ಕೂಡಿಸುವುದು ಕಷ್ಟ. ವಾರ್ಡಿನ ಅಭ್ಯರ್ಥಿಯನ್ನು ಕೂಡಿಸುವುದು ಕಷ್ಟವಲ್ಲ. ಅವನು ನಿಮ್ಮ ಓಣಿಯಲ್ಲೇ ಚಹಾ ಕುಡಿಯುತ್ತಾನೆ. ಕಲಬುರಗಿ ಮಹಾನಗರ ಪಾಲಿಕೆಗೆ 2021ರ ಸೆಪ್ಟೆಂಬರಿನಲ್ಲಿ ಚುನಾವಣೆ ನಡೆದಾಗ 55 ವಾರ್ಡುಗಳಿದ್ದವು. ಐವತ್ತೈದು ಚರ್ಚೆ ನಡೆಯಬಹುದಿತ್ತು!

ಇನ್ನು ನಿಮಗೂ ಒಂದು ಮಾತು, ಸಿಟ್ಟಾಗಬೇಡಿ. ಇಂಗ್ಲಿಷ್ ಬೋರ್ಡಿಗೆ ಮಸಿ ಬಳಿಯಲು ಹೊರಟರೆ ಹೆಗಲ ಮೇಲೆ ಹಳದಿ ಕೆಂಪು ಶಾಲು ಹೊದ್ದು ಐವತ್ತು ಜನ ಸೇರುತ್ತೀರಿ. ನಾಮಫಲಕದಲ್ಲಿ ಶೇಕಡಾ 60 ಕನ್ನಡ ಎಂದು 2024ರಲ್ಲಿ ಕಾಯ್ದೆ ತಿದ್ದುಪಡಿಯೂ ಆಯಿತು, ಒಳ್ಳೆಯದೇ. ನನಗೂ ನಾಲ್ಕು ಬೋರ್ಡಿನ ಆರ್ಡರು ಬಂದವು. ಆದರೆ ಆ ಚರ್ಚೆಯ ಸಭೆಯಲ್ಲಿ ಶಾಲು ಹೊದ್ದವರು ಒಬ್ಬರೂ ಕಾಣಲಿಲ್ಲ. ಐದು ಜನ ಎದ್ದು "ಕನ್ನಡದಲ್ಲಿ ನಡೆಸಿ" ಅಂದಿದ್ದರೆ ಸಾಕಿತ್ತು, ನಿರೂಪಕರು ದಾರಿಗೆ ಬರುತ್ತಿದ್ದರು. ಮಸಿ ಬಳಿದ ಬೋರ್ಡು ಮರುದಿನ ತೊಳೆದುಹೋಗುತ್ತದೆ. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆ ಕನ್ನಡದಲ್ಲೂ ನಡೆಯುತ್ತದೆ ಎಂದು 2019ರಲ್ಲಿ, ಬ್ಯಾಂಕ್ ಗುಮಾಸ್ತರ ಪರೀಕ್ಷೆಯೂ ನಡೆಯುತ್ತದೆ ಎಂದು 2021ರಲ್ಲಿ ಕೇಂದ್ರ ಒಪ್ಪಿತಲ್ಲ, ಅದು ಕೇಳಿ ಕೇಳಿ ಸಿಕ್ಕಿದ್ದು. ಬ್ಯಾಂಕ್ ಅಧಿಕಾರಿಗಳ ಪರೀಕ್ಷೆ ಮಾತ್ರ ಇಂಗ್ಲಿಷು ಹಿಂದಿಯಲ್ಲೇ ನಡೆಯುತ್ತ ಬಂದಿದೆ. 2013-14ರಲ್ಲಿ ಖರ್ಗೆಯವರು ರೈಲ್ವೆ ಮಂತ್ರಿಯಾಗಿದ್ದಾಗ ಶಂಕುಸ್ಥಾಪನೆ ಕಂಡ ಕಲಬುರಗಿ ರೈಲ್ವೆ ವಿಭಾಗ ಕಾಗದದಲ್ಲೇ ಉಳಿದು, ನಮ್ಮ ನಿಲ್ದಾಣ ಸೊಲ್ಲಾಪುರ ವಿಭಾಗದ ಕೈಯಲ್ಲೇ ಇದೆ. ಇವನ್ನು ಯಾವ ಬೋರ್ಡಿಗೆ ಮಸಿ ಬಳಿದು ಕೇಳುತ್ತೀರಿ? ಮತ ಕೇಳಲು ಬಂದವನ ಬಾಯಿಯಿಂದಲೇ, ನಾಲ್ಕು ಜನರೆದುರು, ವರ್ಷ ತಾರೀಖಿನ ಸಮೇತ ಕೇಳಬೇಕು.

ಹೇಗೆ ನಡೆಸಬೇಕೆಂದು ಆ ಮೂರು ಗಂಟೆ ಕೂತು ಕಲಿತಿದ್ದೇನೆ. ಎಲ್ಲ ಅಭ್ಯರ್ಥಿಗಳನ್ನೂ ಕರೆಯಿರಿ, ಒಬ್ಬನನ್ನು ಬಿಟ್ಟರೂ ಅದು ಪ್ರಚಾರ ಸಭೆಯಾಗುತ್ತದೆ. ಖಾಲಿ ಕುರ್ಚಿ ಎತ್ತಬೇಡಿ. ಚೀಟಿ ಪದ್ಧತಿ ಬೇಡವೇ ಬೇಡ. ಮೈಕು ಹಿಂದಿನ ಸಾಲಿನಿಂದ ಮುಂದಕ್ಕೆ ಬರಲಿ. ಚರ್ಚೆ ಕನ್ನಡದಲ್ಲಿ. ಉರ್ದುವಿನಲ್ಲೋ ಬೇರೆ ಭಾಷೆಯಲ್ಲೋ ಮಾತ್ರ ಕೇಳಬಲ್ಲ ನೆರೆಯವನಿದ್ದರೆ ಅವನ ಪ್ರಶ್ನೆಯನ್ನು ಒಂದಕ್ಷರ ಬಿಡದೆ ಕನ್ನಡಕ್ಕೆ ತನ್ನಿ. ನನ್ನ ಹುಡುಗನ ಪ್ರಶ್ನೆಗೆ ಆದ ಗತಿ ಅವನದಕ್ಕೆ ಆಗದಿರಲಿ. ಮತದಾನ ಮುಗಿಯುವ ಹಿಂದಿನ 48 ಗಂಟೆಯಲ್ಲಿ ಸಭೆಗೆ ನಿಷೇಧವಿದೆ, ಅದಕ್ಕೆ ಮೊದಲೇ ಮುಗಿಸಿ, ಅನುಮತಿ ಪಡೆದೇ ನಡೆಸಿ.

ಆ ಚೀಟಿ ಈಗಲೂ ನನ್ನ ಗಲ್ಲೆಯ ಗಾಜಿನ ಕೆಳಗಿದೆ. ಅದರ ಪಕ್ಕದಲ್ಲೇ ಒಂದು ಬೋರ್ಡು ತೂಗುಹಾಕಿದ್ದೇನೆ: ಅಭ್ಯರ್ಥಿಗಳ ಚರ್ಚೆಯ ಕರಪತ್ರ ಕನ್ನಡದಲ್ಲಿದ್ದರೆ ಅಚ್ಚಿನ ಕೂಲಿ ಇಲ್ಲ, ಕಾಗದದ ರೊಕ್ಕ ಮಾತ್ರ. ಘೋಷಣಾಪತ್ರ, ಇಬ್ಬರ ಸಹಿ ಎಂದು ಹೆದರಬೇಡಿ. ಸಭೆಯ ದಿನ, ವೇಳೆ, ಜಾಗ ಮಾತ್ರ ತಿಳಿಸುವ ಕರಪತ್ರವನ್ನು 127ಎ ಕಲಮೇ ಹೊರಗಿಟ್ಟಿದೆ. ಬೆಳಿಗ್ಗೆ ಮ್ಯಾಟರು ತನ್ನಿ, ಹುಡುಗ ಕೂತು ಟೈಪು ಮಾಡುತ್ತಾನೆ, ಸಂಜೆಗೆ ಕಟ್ಟು ಒಯ್ಯಿರಿ.