ಗುಜರಿಗೆ ಹಾಕುವ ಮುನ್ನ

ಮನೆಯ ಹಿಂದಿನ ಶೆಡ್ಡಿನಲ್ಲೇ ವರ್ಕ್‌ಶಾಪ್ ಇರುವ ಮನೆಗಳಲ್ಲಿ ಬೆಳಗಾದರೆ ಒಂದು ಪ್ರಶ್ನೆ ಕೇಳಿಬರುತ್ತದೆ: “ನನ್ನ ಹನ್ನೆರಡರ ಸ್ಪ್ಯಾನರ್ ಎಲ್ಲಿ?” ಶೆಡ್ಡು ಗಂಡನದ್ದೋ ಮಗನದ್ದೋ ಆಗಿರುತ್ತದೆ. ಹುಡುಕುವ ಕೆಲಸ ಮಾತ್ರ ಮನೆಯಾಕೆಯದ್ದು! ಆ ಸಾಮಾನುಗಳ ನಡುವೆ ಅಂಬೆಗಾಲಿಡುವ ಮಗು ನುಗ್ಗಿದರಂತೂ ಎದೆ ಝಲ್ಲೆನ್ನುತ್ತದೆ. ಹೊಸ ರ‍್ಯಾಕ್ ಕೊಳ್ಳೋಣವೆಂದರೆ ಅದರ ಬೆಲೆ ಕೈಗೆಟಕುವುದಿಲ್ಲ. ಆದರೆ ಅದೇ ಶೆಡ್ಡಿನ ಮೂಲೆಯಲ್ಲಿ ಗುಜರಿಗೆಂದು ಗುಡ್ಡೆ ಹಾಕಿದ ಕಬ್ಬಿಣ ಇದ್ದೇ ಇರುತ್ತದೆ. ಗುಜರಿಯವರು ಅದನ್ನು ಕಿಲೋ ಲೆಕ್ಕದಲ್ಲಿ ಒಯ್ಯುವ ಮುನ್ನ ಒಮ್ಮೆ ಆರಿಸಿ ನೋಡಿ.

ಕೆಟ್ಟು ಮೂಲೆ ಸೇರಿದ ಹಳೆಯ ಫ್ರಿಜ್ ಇದ್ದರೆ ಅದರೊಳಗಿನ ತಂತಿ ಜಾಲರಿಯ ತಟ್ಟೆಗಳನ್ನು ತೆಗೆದಿಟ್ಟುಕೊಳ್ಳಿ. ಅದನ್ನು ಗೋಡೆಗೆ ಬಿಗಿದರೆ ಸ್ಪ್ಯಾನರ್, ಇಕ್ಕಳ, ಸುತ್ತಿಗೆ ಎಲ್ಲವನ್ನೂ ತೂಗುಹಾಕಬಹುದು. ಫ್ರಿಜ್ಜಿನ ಹಿಂಬದಿಯ ಕೊಳವೆಗಳನ್ನು ಮಾತ್ರ ಮುಟ್ಟಬೇಡಿ. ಅದರೊಳಗೆ ಗ್ಯಾಸ್ ಇರುತ್ತದೆ. ಇತ್ತೀಚಿನ ಹಲವು ಫ್ರಿಜ್ಜುಗಳ ಗ್ಯಾಸ್ ಬೆಂಕಿ ಹಿಡಿಯುವಂಥದ್ದು. ವಾಷಿಂಗ್ ಮೆಷಿನ್ನಿನ ಒಳಗಿನ ಸ್ಟೀಲ್ ಡ್ರಮ್ ಇನ್ನೂ ಒಳ್ಳೆಯದು. ಅದು ಸುಲಭಕ್ಕೆ ತುಕ್ಕು ಹಿಡಿಯುವುದಿಲ್ಲ. ಪೈಪು, ಸರಳುಗಳ ತುಂಡುಗಳನ್ನು ಅದರಲ್ಲಿ ನೆಟ್ಟಗೆ ನಿಲ್ಲಿಸಿಡಬಹುದು.

ಇನ್ನು ಕೊಕ್ಕೆಗಳು. ಮನೆ ಕಟ್ಟುವಾಗ ಉಳಿದ 8 ಮಿ.ಮೀ. ಸರಳು ಇದಕ್ಕೆ ಸಾಕು. ಒಂದು ಮೀಟರ್ ಸರಳಿನ ತೂಕ ಸುಮಾರು 395 ಗ್ರಾಂ. ಗುಜರಿಗೆ ಹಾಕಿದರೆ ಏನು ಸಿಕ್ಕೀತು? ಅದನ್ನೇ 20 ಸೆಂ.ಮೀ.ನಂತೆ ಕತ್ತರಿಸಿದರೆ ಐದು ಗಟ್ಟಿ ಕೊಕ್ಕೆಗಳಾಗುತ್ತವೆ. ಒಂದು ತುದಿಯನ್ನು ವೈಸ್‌ನಲ್ಲಿ ಬಿಗಿದು, ಇನ್ನೊಂದು ತುದಿಗೆ ಪೈಪು ತೊಡಿಸಿ ಎಳೆದರೆ ಕಾಯಿಸದೆಯೇ ಬಾಗುತ್ತದೆ. ತುದಿಗಳನ್ನು ಅರದಿಂದ ಉಜ್ಜಿ ದುಂಡಗೆ ಮಾಡುವುದನ್ನು ಮರೆಯಬಾರದು. ಗೋಡೆಯ ಕೊಕ್ಕೆ ಇರುವುದು ಹೆಚ್ಚಾಗಿ ಕಣ್ಣಿನ ಎತ್ತರದಲ್ಲೇ.

ಅಡುಗೆ ಎಣ್ಣೆಯ 15 ಲೀಟರಿನ ಚೌಕ ಟಿನ್ನನ್ನು ಉದ್ದಕ್ಕೆ ಸೀಳಿದರೆ ನಟ್ಟು, ಬೋಲ್ಟು, ಮೊಳೆಗಳಿಗೆ ಎರಡು ಟ್ರೇಗಳಾಗುತ್ತವೆ. ಅಂಚನ್ನು ಒಂದು ಸೆಂ.ಮೀ.ನಷ್ಟು ಒಳಕ್ಕೆ ಮಡಚಿ ಬಡಿಯಬೇಕು, ಇಲ್ಲವಾದರೆ ತಗಡು ಬ್ಲೇಡಿನಂತೆ ಕೊಯ್ಯುತ್ತದೆ. ಇಲ್ಲೊಂದು ಲೆಕ್ಕ ನೆನಪಿಡಿ. ಆ ಅರ್ಧ ಟಿನ್ನಿನ ತುಂಬ ಬೋಲ್ಟು ಸುರಿದರೆ ತೂಕ 20 ಕಿಲೋ ಮೀರುತ್ತದೆ. ಕೆಂಪು ಕಲ್ಲಿನ ಗೋಡೆಗೆ ನಾಲ್ಕು ಸ್ಕ್ರೂ ಹೊಡೆದು ಅಂಥ ನಾಲ್ಕೈದು ಟ್ರೇಗಳನ್ನು ಅದರ ಮೇಲೆ ಹೇರಬೇಡಿ. ಹಳೆಯ ಮಂಚದ ಅಥವಾ ಕಿಟಕಿಯ ಆ್ಯಂಗಲ್‌ಗಳಿಂದ ನೆಲಕ್ಕೆ ಕಾಲೂರುವ ರ‍್ಯಾಕ್ ಮಾಡಿಸಿ, ಭಾರದ್ದನ್ನು ಕೆಳಗಿನ ಹಲಗೆಯಲ್ಲೇ ಇಡಿ. ಮೇಲ್ಭಾಗವನ್ನು ಗೋಡೆಗೆ ಬಿಗಿದರೆ ಮಕ್ಕಳು ಹತ್ತಿದರೂ ಮಗುಚುವ ಭಯ ಕಡಿಮೆ.

ಥಿನ್ನರ್, ಪೆಟ್ರೋಲ್ ಅಥವಾ ಪೇಂಟ್ ಇದ್ದ ಡಬ್ಬಗಳು ಮಾತ್ರ ಈ ಕೆಲಸಕ್ಕೆ ಬೇಡವೇ ಬೇಡ. ಖಾಲಿ ಕಂಡರೂ ಒಳಗೆ ಆವಿ ಉಳಿದಿರುತ್ತದೆ. ಗ್ರೈಂಡರಿನ ಕಿಡಿ ಅಥವಾ ವೆಲ್ಡಿಂಗಿನ ಬಿಸಿ ತಾಗಿದರೆ ಸಿಡಿಯುತ್ತದೆ. ಕೀಟನಾಶಕದ ಡಬ್ಬವನ್ನಂತೂ ಮನೆಯೊಳಗೆ ತರಲೇಬಾರದು. ಜಿಐ ಪೈಪಿಗೆ ಸತುವಿನ ಲೇಪವಿರುತ್ತದೆ. ಅದನ್ನು ಹಾಗೆಯೇ ವೆಲ್ಡ್ ಮಾಡಿದರೆ ಏಳುವ ಬಿಳಿ ಹೊಗೆ ಕುಡಿದವರಿಗೆ ಕೆಲವು ಗಂಟೆಗಳಲ್ಲಿ ಚಳಿಜ್ವರ ಬರುತ್ತದೆ. ‘ಗಾಳಿ ಬದಲಾಗಿದೆ’ ಎಂದು ಕಷಾಯ ಕುಡಿಸಿ ಮಲಗಿಸುವವರೇ ಹೆಚ್ಚು.

ಇವೆಲ್ಲಕ್ಕಿಂತ ಮೆತ್ತಗೆ ಮನೆಯೊಳಗೆ ಬರುವ ಅಪಾಯ ಹಳೆಯ ಬಣ್ಣದ್ದು. ಮನೆ ಬಳಕೆಯ ಪೇಂಟಿನಲ್ಲಿ ಸೀಸದ ಅಂಶ 90 ಪಿಪಿಎಂ ಮೀರಬಾರದೆಂದು ಕೇಂದ್ರ ಸರಕಾರ ನಿಯಮ ಮಾಡಿದ್ದು 2016ರಲ್ಲಿ; ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಳೆಯ ಗೇಟು, ಕಿಟಕಿ, ಯಂತ್ರಗಳ ಬಣ್ಣದಲ್ಲಿ ಸೀಸ ಇರಬಹುದು. ಗ್ರೈಂಡರಿನಿಂದ ಒಣಗಿದ್ದಾಗಲೇ ಉಜ್ಜಿದರೆ ಅದು ಧೂಳಾಗಿ ಅಂಗಿ, ಕೂದಲು, ಚಪ್ಪಲಿಗಳಲ್ಲಿ ಅಂಟಿಕೊಂಡು ಅಡುಗೆಮನೆಗೆ ಬರುತ್ತದೆ. ಸೀಸ ಪುಟ್ಟ ಮಕ್ಕಳ ಮೆದುಳಿನ ಬೆಳವಣಿಗೆಗೇ ಪೆಟ್ಟು ಕೊಡುತ್ತದೆ. ಇಷ್ಟಿದ್ದರೆ ತೊಂದರೆಯಿಲ್ಲ ಎಂಬ ಪ್ರಮಾಣವೇ ಅದಕ್ಕಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗರ್ಭಿಣಿಯರಿಗೂ ಅದು ಒಳ್ಳೆಯದಲ್ಲ.

ಹೀಗಾಗಿ ಹಳೆಯ ಬಣ್ಣವಿರುವ ಕಬ್ಬಿಣ ಆದಷ್ಟೂ ಬೇಡ. ತೀರಾ ಬೇಕೆಂದರೆ ಮಕ್ಕಳಿಲ್ಲದ ಹೊತ್ತು ನೋಡಿ, ಮನೆಯ ಹೊರಗೆ ನೀರು ಹಚ್ಚಿಕೊಂಡು ಪಾಲಿಶ್ ಕಾಗದದಿಂದ ಕೈಯಲ್ಲೇ ಉಜ್ಜಲಿ. ಉದುರಿದ ಚೂರುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು, ಗುಡಿಸಬಾರದು. ಕಬ್ಬಿಣ ಒಣಗಿದ ಕೂಡಲೇ ಪ್ರೈಮರ್ ಬಳಿಯದಿದ್ದರೆ ನಮ್ಮ ಕರಾವಳಿಯ ಮಳೆಗಾಲಕ್ಕೆ ಮತ್ತೆ ತುಕ್ಕು ಬರುತ್ತದೆ. ಆ ಕೆಲಸದ ಅಂಗಿಯನ್ನು ಶೆಡ್ಡಿನಲ್ಲೇ ಕಳಚಲಿ, ಕೈ ಮುಖ ತೊಳೆದ ಮೇಲೆಯೇ ಮಗುವನ್ನು ಎತ್ತಿಕೊಳ್ಳಲಿ. ಆ ಬಟ್ಟೆಯನ್ನು ಒಗೆಯುವವರು ನೀವೇ ಆಗಿದ್ದರೆ, ಕೊಡವದೆ, ಮಕ್ಕಳ ಬಟ್ಟೆಯ ಜೊತೆ ಸೇರಿಸದೆ ಬೇರೆ ಬಕೆಟ್ಟಿನಲ್ಲಿ ನೆನೆಹಾಕಿ.