ಗಾಂಧೀನಗರದಲ್ಲಿದ್ದ ಪೋಲಿಷ್ ಊರು

ಕೊಲ್ಲಾಪುರದ ಬಳಿಯ ಗಾಂಧೀನಗರವನ್ನು ಕಾಣದ ಮನೆತನ ನಮ್ಮ ಗಡಹಿಂಗ್ಲಜ ಸೀಮೆಯಲ್ಲಿ ಬಹುಶಃ ಒಂದೂ ಇರಲಾರದು. ಮದುವೆ ನಿಶ್ಚಯವಾಯಿತೆಂದರೆ ಮೊದಲ ಮಾತು ಮುಹೂರ್ತದ್ದು, ಎರಡನೆಯ ಮಾತು ಜವಳಿಯದು, ಜವಳಿಯೆಂದರೆ ಗಾಂಧೀನಗರ. ಆ ಪೇಟೆಯ ಓಣಿಗಳಲ್ಲಿ ಸೀರೆಯ ಗಂಟು ಹೊತ್ತು, ಆಹೇರಿಯ ಬಟ್ಟೆಯ ಲೆಕ್ಕ ತಪ್ಪಿಸಿಕೊಂಡು, ಮನೆಯ ಹೆಂಗಸರ ಹಿಂದೆ ಬೆವರು ಒರೆಸುತ್ತ ನಾವು ಎಷ್ಟು ಸಲ ನಡೆದಿದ್ದೇವೆಯೋ ಹೇಳಲಾರೆವು. ಆದರೆ ನಾವು ಮೆಟ್ಟುತ್ತಿದ್ದ ಆ ನೆಲದಲ್ಲಿ ಒಂದು ಕಾಲಕ್ಕೆ ಐದು ಸಾವಿರ ಪೋಲಿಷ್ ಜನರ ಊರೊಂದು ಇತ್ತೆಂಬುದನ್ನು ನಾವು ಮನಸ್ಸಿಗೆ ತಂದುಕೊಂಡಿರಲಿಲ್ಲ. ಅದನ್ನು ನಮಗೆ ನೆನಪಿಸಿದವಳು ಒಂಬತ್ತನೆಯ ಇಯತ್ತೆಯಲ್ಲಿ ಓದುವ ನಮ್ಮ ಮೊಮ್ಮಗಳು.

ಅವಳ ಶಾಲೆಯಲ್ಲಿ ‘ನಮ್ಮ ಜಿಲ್ಲೆ ಮತ್ತು ಎರಡನೆಯ ಮಹಾಯುದ್ಧ’ ಎಂಬ ವಿಷಯದ ಮೇಲೆ ಪ್ರಬಂಧ ಬರೆದು ತರಲು ಹೇಳಿದ್ದರು. ಯುದ್ಧವೆಂದರೆ ಸಂಗ್ರಹಾಲಯದಲ್ಲಿ ಏನಾದರೂ ಸಿಕ್ಕೀತೆಂದು ಭಾವಿಸಿ, ಜವಳಿಯ ನೆವವೂ ಇದ್ದುದರಿಂದ, ಹೋದ ತಿಂಗಳು ಒಂದು ರವಿವಾರ ಹೊರಟೆವು. ಸಂಕೇಶ್ವರ, ನಿಪ್ಪಾಣಿ, ಕಾಗಲ ಹಾದು ಹೋಗುವ ದಾರಿ ನಿಮಗೂ ಪರಿಚಿತವೇ. ಮಹಾರಾಷ್ಟ್ರದ ಒಂದು ಊರಿನಿಂದ ಮಹಾರಾಷ್ಟ್ರದ ಇನ್ನೊಂದು ಊರಿಗೆ ಹೋಗಲು ನಡುವೆ ಕರ್ನಾಟಕವನ್ನು ಹೊಕ್ಕು ಹೊರಬರಬೇಕು. ಅಂಗಡಿಗಳ ಹೆಸರುಹಲಗೆಗಳು ಮರಾಠಿಯಿಂದ ಕನ್ನಡಕ್ಕೆ ತಿರುಗಿ ಮತ್ತೆ ಮರಾಠಿಗೆ ಮರಳುವುದನ್ನು ಮಕ್ಕಳು ಈಗ ಗಮನಿಸುವುದೂ ಇಲ್ಲ. ಗಡಿಯೆಂಬುದು ಅವರಿಗೆ ಬಸ್ಸಿನ ಕಿಟಕಿಯಾಚೆಯ ಒಂದು ಫಲಕ, ಅಷ್ಟೆ.

ಮೊದಲು ಟೌನ್ ಹಾಲಿನ ವಸ್ತುಸಂಗ್ರಹಾಲಯಕ್ಕೆ ಹೋದೆವು. ಚಿಕ್ಕ ಸಂಗ್ರಹಾಲಯ; ಗಿಡಮರಗಳ ನಡುವಿನ ಹಳೆಯ ಕಟ್ಟಡ. ಪಂಚಗಂಗೆಯ ದಂಡೆಯ ಬ್ರಹ್ಮಪುರಿ ದಿಬ್ಬದಲ್ಲಿ 1945-46ರಲ್ಲಿ ಉತ್ಖನನ ನಡೆದಾಗ ದೊರೆತ ಪ್ರಾಚೀನ ವಸ್ತುಗಳೇ ಇದರ ಹುಟ್ಟಿಗೆ ಕಾರಣ. ಸಮುದ್ರ ದಾಟಿ ಬಂದ ಗ್ರೀಕರ ಜಲದೇವತೆ ಪೊಸೈಡನ್ನನ ಪುಟ್ಟ ಕಂಚಿನ ಮೂರ್ತಿ ಆ ದಿಬ್ಬದಲ್ಲಿ ಸಿಕ್ಕಿದ್ದು ವಿದ್ವಾಂಸರ ಲೋಕದಲ್ಲೆಲ್ಲ ಪ್ರಸಿದ್ಧವಾದ ಸಂಗತಿ. ಆ ದಿಬ್ಬದ ಮಹತ್ವವನ್ನು ಮೊದಲಿಗೆ ಗುರುತಿಸಿ ದುಡಿದವರಲ್ಲಿ ರಾಜಾರಾಮ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಪ್ರೊ. ಕೆ. ಜಿ. ಕುಂದಣಗಾರರೂ ಒಬ್ಬರು. 1961ರಲ್ಲಿ ಗದಗಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು ಅವರೇ. ಕೊಲ್ಲಾಪುರದ ಮಣ್ಣನ್ನು ಓದಿದವರಲ್ಲಿ ಒಬ್ಬ ಕನ್ನಡ ಮೇಷ್ಟ್ರು ಇದ್ದರೆಂಬುದನ್ನು ಮೊಮ್ಮಗಳಿಗೆ ಹೇಳಿದೆವು. ಅವಳು ತಲೆದೂಗಿದಳಾದರೂ ಅವಳ ಕಣ್ಣು ಯುದ್ಧವನ್ನೇ ಹುಡುಕುತ್ತಿತ್ತು. ಕತ್ತಿ, ಬಂದೂಕುಗಳು ಇದ್ದವು. ಅವು ಬೇರೆ ಕಾಲದವು. ಎರಡನೆಯ ಮಹಾಯುದ್ಧದ್ದೆನ್ನುವಂಥದು ನಮ್ಮ ಕಣ್ಣಿಗೇನೂ ಬೀಳಲಿಲ್ಲ. ಹೊರಗೆ ಗಿಡದ ನೆರಳಲ್ಲಿ ಕುಳಿತಿದ್ದ ಹಿರಿಯರೊಬ್ಬರನ್ನು ವಿಚಾರಿಸಿದಾಗ, “ಯುದ್ಧ ಬೇಕಾದರೆ ಮಹಾವೀರ ಉದ್ಯಾನಕ್ಕೆ ಹೋಗಿರಿ, ಅಲ್ಲಿ ಪೋಲಂಡಿನವರ ಕಂಬ ಉಂಟು” ಎಂದು ಮರಾಠಿಯಲ್ಲಿ ಹೇಳಿ ದಾರಿ ತೋರಿಸಿದರು.

ಉದ್ಯಾನದಲ್ಲಿ ಮಕ್ಕಳು ಆಡುತ್ತಿದ್ದರು. ಅವರ ನಡುವೆ ಆ ಸ್ಮಾರಕ ಸ್ತಂಭ ನಿಂತಿದೆ. ಯುದ್ಧಕಾಲದಲ್ಲಿ ಇಲ್ಲಿ ಆಶ್ರಯ ಪಡೆದು, ಮುಂದೆ ಇಂಗ್ಲಂಡ್ ಮೊದಲಾದ ದೇಶಗಳಲ್ಲಿ ನೆಲೆಸಿದ ಪೋಲಿಷರು ತಮ್ಮದೊಂದು ಸಂಘ ಕಟ್ಟಿಕೊಂಡು, ತೊಂಬತ್ತರ ದಶಕದ ಕೊನೆಯಲ್ಲಿ ಇದನ್ನು ನಿಲ್ಲಿಸಿದರು. ಬಿಟ್ಟುಹೋಗಿ ಐವತ್ತು ವರ್ಷವಾದ ಮೇಲೆ, ಮುದುಕರಾದ ಮೇಲೆ, ಹಣ ಕೂಡಿಸಿ ದೂರದ ಊರಿನಲ್ಲಿ ಕಲ್ಲು ನಿಲ್ಲಿಸುವುದು ಸಣ್ಣ ಕೆಲಸವಲ್ಲ.

ಅವರು ಇಲ್ಲಿಗೆ ಬಂದ ಕತೆಯನ್ನು ಸ್ವಲ್ಪ ಹೇಳಬೇಕು. 1939ರ ಸೆಪ್ಟೆಂಬರ್ 1ರಂದು ಜರ್ಮನಿ ಪಶ್ಚಿಮದಿಂದಲೂ, ಅದೇ ತಿಂಗಳ 17ರಂದು ಸೋವಿಯತ್ ಸೇನೆ ಪೂರ್ವದಿಂದಲೂ ಪೋಲಂಡಿನೊಳಗೆ ನುಗ್ಗಿದವು. 1940ರ ಫೆಬ್ರುವರಿಯ ಕೊರೆಯುವ ಚಳಿಯಲ್ಲಿ ಪೂರ್ವ ಪೋಲಂಡಿನ ಕುಟುಂಬಗಳನ್ನು ಮನೆಯಿಂದ ಎಬ್ಬಿಸಿ, ದನ ಸಾಗಿಸುವ ರೈಲು ಡಬ್ಬಿಗಳಲ್ಲಿ ತುಂಬಿ ಸೈಬೀರಿಯಾ, ಕಜಾಕಿಸ್ತಾನಗಳತ್ತ ಗಡೀಪಾರು ಮಾಡುವುದು ಆರಂಭವಾಯಿತು. ಕಾಡಿನಲ್ಲಿ ಮರ ಕಡಿಯುವ ದುಡಿಮೆ, ಹಸಿವು, ಜ್ವರ. 1941ರ ಜೂನಿನಲ್ಲಿ ಜರ್ಮನಿ ಸೋವಿಯತ್ ದೇಶದ ಮೇಲೆಯೇ ಎರಗಿದಾಗ ಶತ್ರುಗಳು ಮಿತ್ರರಾಗಬೇಕಾಯಿತು. ಬಂದಿಗಳಿಗೆ ಬಿಡುಗಡೆ ಸಿಕ್ಕಿತು. ಗಂಡಸರು ಜನರಲ್ ಆಂಡರ್ಸರ ಸೇನೆಯನ್ನು ಸೇರಿದರು. 1942ರಲ್ಲಿ ಸೈನಿಕರೂ ಹೆಂಗಸರು ಮಕ್ಕಳೂ ಸೇರಿ ಲಕ್ಷಕ್ಕೆ ಮೀರಿದ ಜನ ಇರಾಣವನ್ನು ಮುಟ್ಟಿದರು. ಅವರಲ್ಲಿ ಬಹಳ ಮಂದಿ ಹಡಗಿನಲ್ಲಿ ಕ್ಯಾಸ್ಪಿಯನ್ ಸಮುದ್ರ ದಾಟಿ ಬಂದವರು. ಸೇನೆ ರಣರಂಗಕ್ಕೆ ಹೋಯಿತು. ಉಳಿದವರನ್ನು ಎಲ್ಲಿ ಇಡುವುದು? ಆಫ್ರಿಕಾ, ನ್ಯೂಜಿಲಂಡ್, ಮೆಕ್ಸಿಕೊ, ಭಾರತ ಎಂದು ಹಂಚಿಹೋದರು.

ಭಾರತದಲ್ಲಿ ಜಾಮನಗರದ ಅರಸು ದಿಗ್ವಿಜಯಸಿಂಹಜಿಯವರು ಬಾಲಾಚಡಿಯಲ್ಲಿ ಪೋಲಿಷ್ ಅನಾಥ ಮಕ್ಕಳಿಗೆ ನೆರವಾದ ಕತೆ ಬಹಳ ಜನರಿಗೆ ತಿಳಿದಿದೆ. ವಳಿವಡೆಯ ವಸತಿ ಅದಕ್ಕಿಂತ ಎಷ್ಟೋ ದೊಡ್ಡದು. ಹೆಸರು ಮಾತ್ರ ಅಷ್ಟು ಹಬ್ಬಲಿಲ್ಲ. ಕೊಲ್ಲಾಪುರದ ಮೂಡಣಕ್ಕೆ, ಮಿರಜ ರೈಲುದಾರಿಯ ಮಗ್ಗುಲಿಗೆ, 1943ರಲ್ಲಿ ಆ ವಸತಿ ತೆರೆಯಿತು. ಕರಾಚಿಯ ಮಾರ್ಗವಾಗಿ ತಂಡತಂಡವಾಗಿ ಬಂದವರು ಸುಮಾರು ಐದು ಸಾವಿರ, ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಇದನ್ನು ಕೊಲ್ಲಾಪುರದ ಮಹಾರಾಜರೊಬ್ಬರ ಔದಾರ್ಯವೆಂದು ಹೇಳಿ ಮುಗಿಸುವುದು ಸುಲಭ. ಆದರೆ ಆಗ ಗಾದಿಯ ಮೇಲಿದ್ದವರು ಇನ್ನೂ ಹಸುಗೂಸು. ರಾಜ್ಯವನ್ನು ನಡೆಸುತ್ತಿದ್ದುದು ರಾಜಪ್ರತಿನಿಧಿಗಳ ಆಡಳಿತ. ವಸತಿಯ ಏರ್ಪಾಡು ಬ್ರಿಟಿಷ್ ಸರಕಾರದ್ದು, ಖರ್ಚಿನ ಹೊಣೆ ಲಂಡನ್ನಿನಲ್ಲಿದ್ದ ಪೋಲಿಷ್ ದೇಶಭ್ರಷ್ಟ ಸರಕಾರದ್ದು, ನೆಲ ಕೊಲ್ಲಾಪುರ ಸಂಸ್ಥಾನದ್ದು. ಆ ಸಂಸ್ಥಾನದಲ್ಲಿ ನಮ್ಮ ಗಡಹಿಂಗ್ಲಜವೂ ಇತ್ತು. ಆದ್ದರಿಂದ ಅವರು ನಮ್ಮ ಹಿರಿಯರಿಗೂ ಅತಿಥಿಗಳೇ ಆಗಿದ್ದರೆನ್ನಲು ಅಡ್ಡಿಯಿಲ್ಲ.

ಬಿದಿರಿನ ತಟ್ಟಿಯ ಗೋಡೆ, ಹಂಚಿನ ಸೂರು, ಸಾಲುಸಾಲಾದ ಉದ್ದನೆಯ ಚಾಳುಗಳು. ಒಂದೊಂದು ಕುಟುಂಬಕ್ಕೆ ಒಂದಿಷ್ಟು ಕೋಣೆ, ಮುಂದೆ ಪಡಸಾಲೆ. ಚರ್ಚು, ಆಸ್ಪತ್ರೆ, ನಾಟಕದ ವೇದಿಕೆ, ಬಾಲವೀರರ ದಳಗಳು ಎಲ್ಲವೂ ಬಂದವು. ಇವೆಲ್ಲಕ್ಕಿಂತ ನಮ್ಮನ್ನು ತಡೆದು ನಿಲ್ಲಿಸಿದ್ದು ಶಾಲೆಯ ಸಂಗತಿ. ಇಂದೋ ನಾಳೆಯೋ ಹೊರಡುವವರು ತಾವೆಂದು ತಿಳಿದೂ ಆ ಜನ ಪ್ರಾಥಮಿಕ ಶಾಲೆಗಳನ್ನು, ಪ್ರೌಢಶಾಲೆಯನ್ನು, ಕಸಬು ಕಲಿಸುವ ಶಾಲೆಯನ್ನು ತೆರೆದು, ಎಲ್ಲವನ್ನೂ ಪೋಲಿಷ್ ಭಾಷೆಯಲ್ಲಿ ನಡೆಸಿದರು. ಗಡೀಪಾರಿನಲ್ಲಿ ಓದು ತಪ್ಪಿದ ಮಕ್ಕಳು, ಅಕ್ಷರವನ್ನೇ ಕಾಣದ ಮಕ್ಕಳು, ಪಂಚಗಂಗೆಯ ಬಯಲಿನಲ್ಲಿ ಕುಳಿತು ತಮ್ಮ ದೇಶದ ನದಿಗಳ ಹೆಸರು ಕಲಿತರು. ನಮ್ಮ ಕಡೆ ಕನ್ನಡ ಶಾಲೆಗೆ ಮಗುವನ್ನು ಹಚ್ಚುವ ಮಾತು ಬಂದಾಗ, “ಮುಂದೆ ಇದರಿಂದ ಏನು ಉಪಯೋಗ?” ಎಂದು ಕೇಳುವವರಲ್ಲಿ ನಾವೂ ಇದ್ದೇವೆ. ನಮ್ಮ ಮಗ ಅದೇ ಪ್ರಶ್ನೆ ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಮೊಮ್ಮಗಳು ಮರಾಠಿ ಶಾಲೆಗೆ ಹೋದಳು. ಮರಾಠಿಯ ಮೇಲೆ ನಮಗೆ ಮುನಿಸಿಲ್ಲ. ಅದು ನಮ್ಮ ನೆರೆಮನೆಯ ಭಾಷೆ, ಅನ್ನದ ಭಾಷೆ. ಆ ದಿನ ಉದ್ಯಾನದಲ್ಲಿ ನಿಂತಾಗ ಮಾತ್ರ ನಮ್ಮ ಆ ಮೌನ ನಮ್ಮನ್ನು ಚುಚ್ಚಿತು.

ಯುದ್ಧ ಮುಗಿಯುತ್ತ ಬಂದ ಮೇಲಿನ ಭಾಗ ಇನ್ನೂ ಕಠಿಣವಾದದ್ದು. 1945ರಲ್ಲಿ ಮಿತ್ರದೇಶಗಳ ನಾಯಕರು ಯಾಲ್ಟಾದಲ್ಲಿ ಕೂಡಿ ಪೋಲಂಡಿನ ಪೂರ್ವದ ಗಡಿಯನ್ನು ಪಶ್ಚಿಮಕ್ಕೆ ಸರಿಸಿದರು. ವಳಿವಡೆಯಲ್ಲಿದ್ದವರಲ್ಲಿ ಬಹುಪಾಲು ಜನರ ಹೊಲಮನೆಗಳು ಆ ಪೂರ್ವ ಭಾಗದಲ್ಲಿಯೇ ಇದ್ದವು. ಅವರು ಊರು ಬಿಟ್ಟು ಬಂದಿದ್ದರು. ಈಗ ಊರೇ ದೇಶ ಬಿಟ್ಟು ಹೋಯಿತು. ಅದೇ ವರ್ಷದ ಜುಲೈಯಲ್ಲಿ ಲಂಡನ್ನಿನ ಪೋಲಿಷ್ ಸರಕಾರಕ್ಕೆ ಬ್ರಿಟನ್ನಿನ ಮನ್ನಣೆಯೂ ತಪ್ಪಿತು. ಎಲ್ಲಿಗೆ ಹೋಗುವುದೆಂಬ ಪ್ರಶ್ನೆಯಲ್ಲಿಯೇ ಎರಡು ಮೂರು ವರ್ಷ ಕಳೆದವು. ನಮ್ಮ ಗಡಿಯ ಸಂಗತಿಯನ್ನು ಅವರ ದುಃಖದೊಡನೆ ತೂಗುವುದು ಸರಿಯಲ್ಲ. ನಮ್ಮನ್ನು ಯಾರೂ ರೈಲಿನಲ್ಲಿ ತುಂಬಲಿಲ್ಲ. ಸಂಸ್ಥಾನ 1949ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು, 1956ರಲ್ಲಿ ರಾಜ್ಯಗಳ ಗೆರೆ ಎಳೆದರು, 1960ರಲ್ಲಿ ಮಹಾರಾಷ್ಟ್ರವಾಯಿತು. ನಾವು ನಮ್ಮ ಹೊಸ್ತಿಲ ಮೇಲೆಯೇ ಕುಳಿತಿದ್ದೆವು. ಆದರೂ, ಮನುಷ್ಯ ಕದಲದಿದ್ದರೂ ಗೆರೆ ಕದಲೀತು ಎಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬಾಲಾಚಡಿಯ ಮಕ್ಕಳೂ 1946ರಲ್ಲಿ ವಳಿವಡೆಗೆ ಬಂದು ಕೂಡಿಕೊಂಡರು. 1947-48ರ ಹೊತ್ತಿಗೆ ಕೆಲವರು ಪೋಲಂಡಿಗೆ, ಅನೇಕರು ಬ್ರಿಟನ್ನಿಗೆ, ಉಳಿದವರು ಆಫ್ರಿಕಾ, ಆಸ್ಟ್ರೇಲಿಯಾಗಳಿಗೆ ಚದುರಿಹೋದರು. ಕೊಲ್ಲಾಪುರದ ತರುಣನನ್ನು ಮದುವೆಯಾಗಿ ಇಲ್ಲಿಯೇ ಉಳಿದ ಪೋಲಿಷ್ ಕನ್ಯೆಯೂ ಉಂಟು. ಹಾಗೆಯೇ ಇಲ್ಲಿಯ ಕ್ರೈಸ್ತ ಸ್ಮಶಾನದಲ್ಲಿ ಮಣ್ಣಾದವರೂ ಉಂಟು. ತೆರವಾದ ಚಾಳುಗಳಿಗೆ, ದೇಶ ಇಬ್ಭಾಗವಾದಾಗ ಸಿಂಧದಿಂದ ಎಲ್ಲವನ್ನೂ ಬಿಟ್ಟು ಬಂದ ಕುಟುಂಬಗಳು ಬಂದು ಸೇರಿದವು. ಒಬ್ಬ ನಿರಾಶ್ರಿತನ ಒಲೆಯ ಬೂದಿ ಆರುವ ಮೊದಲು ಇನ್ನೊಬ್ಬ ನಿರಾಶ್ರಿತ ಅಲ್ಲಿ ಒಲೆ ಹೂಡಿದ. ಆ ಸಿಂಧಿ ಜನರ ದುಡಿಮೆಯಿಂದ ಬೆಳೆದದ್ದೇ ನಮ್ಮ ಜವಳಿಯ ಗಾಂಧೀನಗರ.

ಮಧ್ಯಾಹ್ನ ಅಲ್ಲಿಗೆ ಹೋದೆವು. ಬಿದಿರ ತಟ್ಟಿಯನ್ನು ಹುಡುಕುವ ಕಣ್ಣಿಗೆ ಕಂಡದ್ದು ಗಾಜಿನ ಮಳಿಗೆಗಳು, ಬಟ್ಟೆಯ ಗಂಟುಗಳು, ಕೈಗಾಡಿಗಳು. 2019ರ ಸೆಪ್ಟೆಂಬರಿನಲ್ಲಿ, ಇಲ್ಲಿ ಬಾಲ್ಯ ಕಳೆದ ಪೋಲಿಷ್ ವೃದ್ಧರು ಬಂದಿದ್ದಾಗ ವಳಿವಡೆಯಲ್ಲಿ ಸ್ಮಾರಕವೊಂದನ್ನು ಅನಾವರಣ ಮಾಡಿ, ಸಂಗ್ರಹಾಲಯಕ್ಕೆ ಅಡಿಗಲ್ಲನ್ನೂ ಇಟ್ಟರು. ಅಂಥ ಸಂಗ್ರಹಾಲಯದಲ್ಲಿ ಇಡಲು ಅವರ ಬಳಿ ಬೇಕಾದಷ್ಟು ಇದೆ. ಫೋಟೊಗಳು, ಶಾಲೆಯ ಪ್ರಮಾಣಪತ್ರಗಳು, ನೆನಪಿನ ಬರಹಗಳನ್ನು ಕೂಡಿಹಾಕಿ ಅವರ ಸಂಘ ಲಂಡನ್ನಿನಿಂದ ಒಂದು ಬೃಹತ್ ಗ್ರಂಥವನ್ನೇ ತಂದಿದೆ. 2000ದಲ್ಲಿ ಪೋಲಿಷ್ ಭಾಷೆಯಲ್ಲಿ, 2009ರಲ್ಲಿ ಇಂಗ್ಲಿಷಿನಲ್ಲಿ. ಪೋಲಂಡಿನ ರಾಜಧಾನಿ ವಾರ್ಸಾದಲ್ಲಿ ಕೊಲ್ಲಾಪುರದ ಸಂಸ್ಥಾನವನ್ನು ನೆನೆಯುವ ಸ್ಮಾರಕ ಫಲಕವೂ ಇದೆ. 2024ರ ಆಗಸ್ಟ್ 21ರಂದು ನಮ್ಮ ಪ್ರಧಾನಮಂತ್ರಿಗಳು ಅಲ್ಲಿ ಹೂಮಾಲೆ ಅರ್ಪಿಸಿದರು. ಅದು ಇರುವುದು ಮೊಂಟೆ ಕ್ಯಾಸಿನೊ ಕಾಳಗದ ಸ್ಮಾರಕದ ಹತ್ತಿರ. ಇಟಲಿಯ ಆ ಬೆಟ್ಟದಲ್ಲಿ 1944ರ ಮೇ ತಿಂಗಳಲ್ಲಿ ಕಾದಿದವರು ಆಂಡರ್ಸರ ಸೈನಿಕರು. ಗಂಡಂದಿರು ಕಾದಿದ ಹೆಸರೂ, ಹೆಂಡಿರು ಮಕ್ಕಳು ಕಾದು ಕುಳಿತ ಊರಿನ ಹೆಸರೂ ಅಲ್ಲಿ ನೆರೆಹೊರೆಯಾಗಿವೆ.

ಅವರ ಕಡೆಯ ನೆನಪು ಹೀಗೆ ಭದ್ರವಾಗಿದೆ. ನಮ್ಮ ಕಡೆಯದು? ಆ ಐದು ಸಾವಿರ ಜನರಿಗೆ ಹಾಲು ಮಾರಿದವರು, ಬಟ್ಟೆ ಹೊಲಿದವರು, ದೂರ ನಿಂತು ನೋಡಿದವರು ಯಾರು, ಏನೆಂದರು?

ಊರಿಗೆ ಮರಳಿ, ರಾತ್ರಿ ಊಟವಾದ ಮೇಲೆ ಈ ಮಾತು ತೆಗೆದಾಗ, ತೊಂಬತ್ತರ ಹತ್ತಿರ ಬಂದಿರುವ ನಮ್ಮ ಸೋದರಮಾವ ಹಾಸಿಗೆಯಿಂದ ಎದ್ದು ಕುಳಿತರು. “ವಳಿವಡಿ ಕ್ಯಾಂಪ? ನಾ ನೋಡೀನಲ್ಲ” ಎಂದರು. ಎಂಬತ್ತು ವರ್ಷದ ಮೇಲೆ! ಇಷ್ಟು ದಿನ ಏಕೆ ಹೇಳಲಿಲ್ಲವೆಂದರೆ, “ಯಾರ ಕೇಳಿದ್ರಿ?” ಎಂದರು. ಅದಕ್ಕೂ ನಮ್ಮಲ್ಲಿ ಉತ್ತರವಿರಲಿಲ್ಲ.

ಅವರ ತಂದೆ ಶಾಹೂಪುರಿಯ ಬೆಲ್ಲದ ಪೇಟೆಗೆ ಚಕ್ಕಡಿ ಹೊಡೆಯುತ್ತಿದ್ದರು. ಒಮ್ಮೆ ದಲಾಲಿ ಅಂಗಡಿಯವರು ಕ್ಯಾಂಪಿನ ಬಳಿಯ ಒಂದು ಅಂಗಡಿಗೆ ಎರಡು ಬೆಲ್ಲದ ಪೆಂಟೆ ಮುಟ್ಟಿಸಲು ಹೇಳಿದ್ದರಿಂದ ಹುಡುಗನನ್ನೂ ಕೂಡ್ರಿಸಿಕೊಂಡು ಹೋದರಂತೆ. “ಬೆಳ್ಳಗಿನ ಹೆಣಮಗಳೊಬ್ಬಾಕಿ ಬಂದು ಬೆಲ್ಲಾ ಮುರದು ಬಾಯಾಗ ಹಾಕ್ಕೊಂಡ್ಳು. ಅಂಗಡ್ಯಾವನ ಕೂಡ ಮರಾಠ್ಯಾಗ ಚೌಕಾಸಿ ಮಾಡಿದ್ಳು. ನನಗ ಆಗ ಮರಾಠಿ ತಿಳೀತಿರಲಿಲ್ಲವ್ವಾ. ಪರದೇಶದಾಕಿಗಿ ಬರ್ತದ, ನನಗ ಬರೂದಿಲ್ಲಲ್ಲ ಅಂತ ನಾಚಿಕಿ ಆತು. ಆಮ್ಯಾಲ ಆಕಿ ನನ್ನ ತಲೀ ಮ್ಯಾಲ ಕೈ ಇಟ್ಟು ಏನೋ ಅಂದ್ಳು. ಅದು ಮರಾಠಿನೂ ಅಲ್ಲ, ಇಂಗ್ಲೀಷೂ ಅಲ್ಲ.”

“ಏನಂದ್ಳು ಮುತ್ಯಾ?” ಎಂದು ಮೊಮ್ಮಗಳು ಕೇಳಿದಳು.

“ನನಗೇನ ಗೊತ್ತವ್ವಾ. ಆಕಿಗಿ ನನ್ನ ವಾರಿಗಿ ಮಗ ಇದ್ದಿರಬೇಕು.”

ಮೊಮ್ಮಗಳು ವಹಿಯಲ್ಲಿ ಇದನ್ನೆಲ್ಲ ಬರೆದುಕೊಳ್ಳುತ್ತಿದ್ದಳು. ಮುತ್ಯಾನ ಮಾತನ್ನು ಮರಾಠಿಗೆ ತಿರುಗಿಸದೆ ಅವನು ಆಡಿದಂತೆಯೇ ಬರೆಯಬೇಕೆಂದು ಅವಳಿಗೇ ಅನಿಸಿತಂತೆ. ಆದರೆ ಕನ್ನಡ ಅಕ್ಷರ ಬಾರದ್ದರಿಂದ ದೇವನಾಗರಿಯಲ್ಲಿ ಬರೆದಿದ್ದಳು. ಓದಿಸಿ ನೋಡಿದೆವು. ವಳಿವಡೆಯ ‘ಳ’ ಸರಿಯಾಗಿ ಬಂದಿತ್ತು; ಅದು ಎರಡೂ ಭಾಷೆಗಳಿಗೆ ಸೇರಿದ ಅಕ್ಷರ. ‘ಬೆಲ್ಲ’ ಮಾತ್ರ ‘ಬೇಲ್ಲ’ ಆಗಿತ್ತು. ಮರಾಠಿ ಬರವಣಿಗೆಯಲ್ಲಿ ಹ್ರಸ್ವ ಎಕಾರವಿಲ್ಲ. ಮುತ್ಯಾ ಅದನ್ನು ಕೇಳಿ ನಕ್ಕು, ಇನ್ನೊಮ್ಮೆ ಹೇಳಿ ತೋರಿಸಿದರು. ಅವಳು ಪೆನ್ಸಿಲನ್ನು ನಮ್ಮ ಕೈಗೆ ಕೊಟ್ಟು, “ನಿಮ್ಮ ಅಕ್ಷರದಲ್ಲಿ ಹೇಗೆ ಬರೆಯುವುದು, ಇದೊಂದು ಶಬ್ದ ಬರೆದು ತೋರಿಸಿರಿ” ಎಂದಳು.